ಕಾಫಿ ಸೀಮೆಯ ಗೆಳತಿ

ಹೋದ ವರ್ಷ ರಂಜಾನ್ ಹಬ್ಬಕ್ಕೆ ಊರಿಗೆ ಬಂದ ನನ್ನ ತಮ್ಮ ಬೆಂಗಳೂರಿನಿಂದ ಒಂದು ಗಾಜಿನ ಪಾತ್ರೆ ತಂದುಕೊಟ್ಟ. ಉದ್ದನೆಯ ಲೋಟ, ಅದಕ್ಕೊಂದು ಹಿಡಿಕೆ, ಮುಚ್ಚಳದ ನಡುವೆ ಮೇಲೆ ಕೆಳಗೆ ಆಡುವ ಸರಳು, ಸರಳಿನ ತುದಿಯಲ್ಲಿ ಲೋಟದ ಅಗಲಕ್ಕೆ ಸರಿಯಾಗಿ ಕೂರುವ ಉಕ್ಕಿನ ಜಾಲರಿ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಕ್ಕುಲಿ ಒರಳಿಗೆ ಕೆಳಗೆ ತೂತೇ ಇಲ್ಲವಲ್ಲ?" ಎಂದರು. ಅದರ ಹೆಸರು ಫ್ರೆಂಚ್ ಪ್ರೆಸ್ ಎಂದು ತಮ್ಮ ಎರಡು ಸಲ ಹೇಳಿದ. ಆದರೆ ನಮ್ಮ ಅಡುಗೆಮನೆಯಲ್ಲಿ ನಿಂತದ್ದು ಅತ್ತೆ ಇಟ್ಟ ಹೆಸರೇ: ದಬಾನೇಕಾ ಲೋಟಾ. ಅಂದರೆ ಒತ್ತುವ ಲೋಟ.

ನಮ್ಮದು ಚಹಾದ ಸೀಮೆ. ಕೊಟ್ಟೂರಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಅದರ ಹಿಂದೆ ಕಾಫಿ ಕೇಳಿದರೆ ಅಂಗಡಿಯವನು ನಮ್ಮ ಮುಖ ನೋಡುತ್ತಾನೆ. ಕೂಡ್ಲಿಗಿಯಾಗಲಿ ಹಡಗಲಿಯಾಗಲಿ, ಹೆಣ್ಣು ನೋಡುವ ಶಾಸ್ತ್ರದಿಂದ ಹೊಲದ ಬದುವಿನ ಜಗಳದವರೆಗೆ ಎಲ್ಲವೂ ಚಹಾದ ಮೇಲೆಯೇ ತೀರ್ಮಾನವಾಗುವುದು. ನನ್ನ ತವರಿನಲ್ಲಿ ಕಾಫಿ ಬರುತ್ತಿದ್ದುದು ಔಷಧಿಯಾಗಿ. ನೆಗಡಿ, ತಲೆನೋವು ಎಂದರೆ ಅಮ್ಮ ಬೆಲ್ಲ, ಒಣಶುಂಠಿ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಹಾಗಾಗಿ ಬಹಳ ಕಾಲ ನನಗೆ ಕಾಫಿ ಎಂದರೆ ಜ್ವರದ ವಾಸನೆ.

ಒತ್ತುವ ಲೋಟದಲ್ಲಿ ಮೊದಲ ದಿನವೇ ಕೈ ಸುಟ್ಟುಕೊಂಡೆ. ಅಂಗಡಿಯ ಫಿಲ್ಟರ್ ಕಾಫಿಪುಡಿ ಹಾಕಿ, ಕುದಿಯುವ ನೀರು ಸುರಿದು ಸರಳು ಒತ್ತಿದರೆ ಅದು ಅರ್ಧದಲ್ಲಿ ಕಚ್ಚಿಕೊಂಡಿತು. ಎರಡೂ ಕೈಯ ಭಾರ ಬಿಟ್ಟೆ. ಜಾಲರಿಯ ಬದಿಯಿಂದ ಬಿಸಿ ಕಾಫಿ ಚಿಮ್ಮಿ ಮುಂಗೈ ಮೇಲೆ ಬಿತ್ತು. ತಪ್ಪು ಲೋಟದ್ದಲ್ಲ. ಫಿಲ್ಟರ್ ಪುಡಿ ತೀರ ಸಣ್ಣದು, ಜೊತೆಗೆ ಅದರಲ್ಲಿ ಚಿಕೋರಿ. ಚಿಕೋರಿ ಕಾಫಿಯೇ ಅಲ್ಲ, ಬೇರೊಂದು ಗಿಡದ ಹುರಿದ ಬೇರು. ನೀರು ತಾಗಿದರೆ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಆ ಗುಣವೇ ನೀರನ್ನು ತಡೆದು ಡಿಕಾಕ್ಷನ್ನನ್ನು ಹನಿಹನಿಯಾಗಿ ಇಳಿಸುತ್ತದೆ. ಇಲ್ಲಿ ಅದೇ ಮುಳುವಾಯಿತು.

ಆಮೇಲೆ ಹುರಿದ ಬೀಜವನ್ನೇ ತರಿಸತೊಡಗಿದೆ. ನಾನಿರುವ ಹಗರಿಬೊಮ್ಮನಹಳ್ಳಿಯಲ್ಲಿ ಅದು ಸಿಗುವುದಿಲ್ಲ. ಹೊಸಪೇಟೆಗೋ ದಾವಣಗೆರೆಗೋ ಹೋಗುವವರಿಗೆ ದುಡ್ಡು ಕೊಟ್ಟು ಕಳಿಸಬೇಕು. ಮಿಕ್ಸಿಯನ್ನು ಒಂದೇ ಸಮ ಓಡಿಸದೆ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ, ಬನ್ಸಿ ರವೆಯಷ್ಟು ದಪ್ಪಗೆ ಒಡೆಯುತ್ತೇನೆ. ಮಿಕ್ಸಿ ಎಲ್ಲವನ್ನೂ ಸಮನಾಗಿ ಒಡೆಯುವುದಿಲ್ಲ. ಅದಕ್ಕೆ ಜರಡಿ ಹಿಡಿದು, ಕೆಳಗೆ ಬಿದ್ದ ಹಿಟ್ಟನ್ನು ಅತ್ತೆಯ ಹಾಲಿನ ಕಾಫಿಗೆ ತೆಗೆದಿಟ್ಟು, ಮೇಲೆ ನಿಂತ ರವೆಯನ್ನು ನಾನು ಇಟ್ಟುಕೊಳ್ಳುತ್ತೇನೆ. ಒಂದು ದೊಡ್ಡ ಲೋಟಕ್ಕೆ, ಅಂದರೆ 250 ಮಿಲಿಲೀಟರ್ ನೀರಿಗೆ, 15 ಗ್ರಾಂ ಪುಡಿ. ಮೊದಲು ಗಾಜಿಗೆ ಬಿಸಿನೀರು ಹಾಕಿ ಚೆಲ್ಲಬೇಕು. ಕುದಿದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು ಸುರಿಯಬೇಕು. ಪುಡಿ ಉಬ್ಬಿ ಮೇಲೆ ಕೆನೆಯಂತೆ ಕಟ್ಟಿಕೊಳ್ಳುತ್ತದೆ; ಅದನ್ನು ಚಮಚದಿಂದ ಒಮ್ಮೆ ಕಲಕಿ ಮುಚ್ಚಳ ಹಾಕಿ ನಾಲ್ಕು ನಿಮಿಷ ಸುಮ್ಮನಿರಬೇಕು.

ಈ ಸುಮ್ಮನಿರುವುದೇ ಕಷ್ಟ. ಚಹಾ ಮಾಡುವಾಗ ಕೈಗೆ ಕೆಲಸವಿರುತ್ತದೆ, ಉಕ್ಕುತ್ತದೆ, ಇಳಿಸಬೇಕು, ಎತ್ತಬೇಕು. ಇದರ ಮುಂದೆ ನಿಂತು ಕಾಯಬೇಕಷ್ಟೆ. ನಾಲ್ಕು ನಿಮಿಷದ ಮೇಲೆ ಸರಳನ್ನು ಅಂಗೈಯಿಂದ ನಿಧಾನವಾಗಿ ಒತ್ತಬೇಕು. ಹಟ ಹಿಡಿದರೆ ಪುಡಿ ಸಣ್ಣದಾಗಿದೆ ಎಂದರ್ಥ, ಬಾವಿಗೆ ಬಿದ್ದ ಬಿಂದಿಗೆಯಂತೆ ಸರಕ್ಕನೆ ಇಳಿದರೆ ದಪ್ಪವಾಗಿದೆ ಎಂದರ್ಥ. ಒತ್ತಿದ ಮೇಲೆ ಒಳಗೇ ಬಿಡಬಾರದು, ಕಹಿ ಏರುತ್ತದೆ. ತಳದ ಕೊನೆಯ ಗುಟುಕು ಗಸಿ, ಅದನ್ನು ಚೆಲ್ಲಬೇಕು. ಜಾಲರಿಯನ್ನು ಪ್ರತಿದಿನ ಬಿಚ್ಚಿ ತೊಳೆಯದಿದ್ದರೆ ಅಂಟಿದ ಎಣ್ಣೆ ಕಮಟಿ ಮರುದಿನದ ಕಾಫಿ ಕೆಡುತ್ತದೆ. ಆ ಎಣ್ಣೆಯಿಂದಲೇ ಈ ಕಾಫಿಗೆ ನಾಲಿಗೆಯ ಮೇಲೆ ನಿಲ್ಲುವ ದಪ್ಪ. ಕಾಗದದಲ್ಲಿ ಸೋಸಿದರೆ ಅದು ಕಾಗದಕ್ಕೇ ಉಳಿಯುತ್ತದೆ. ಆದರೆ ಅದರಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಕೊಲೆಸ್ಟ್ರಾಲ್ ಏರಿಸುತ್ತದೆ. ಅದರ ತೊಂದರೆ ಇರುವವರು ದಿನಾ ಕುಡಿಯದಿರುವುದು ಒಳ್ಳೆಯದು. ನಮ್ಮ ಮನೆಯವರಿಗೆ ನಾನು ಕೊಡುವುದಿಲ್ಲ.

ನೀರಿನ ಮಾತು ಬೇರೆಯೇ ಇದೆ. ನಮ್ಮ ತಾಲ್ಲೂಕುಗಳ ಬೋರ್‌ವೆಲ್ ನೀರು ಗಡಸು, ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಕೂಡ. ಆ ನೀರಿನಲ್ಲಿ ಎಂಥ ಬೀಜವೂ ಸುಣ್ಣದ ರುಚಿ ಕೊಡುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ನೀರು ಇನ್ನೊಂದು ತುದಿ, ಅದರಲ್ಲಿ ಕಾಫಿ ಸಪ್ಪೆ. ಘಟಕದ ನೀರು ನಾಲ್ಕು ಪಾಲಿಗೆ ನಲ್ಲಿಯ ಹೊಳೆನೀರು ಒಂದು ಪಾಲು ಬೆರೆಸಿ ಕಾಯಿಸುತ್ತೇನೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು.

ಈ ಲೋಟಕ್ಕೆ 1929ರಲ್ಲಿ ಪೇಟೆಂಟ್ ಪಡೆದವರು ಇಟಲಿಯ ಮಿಲಾನಿನವರು, ಅದಕ್ಕೂ ಮುಂಚೆ 1852ರಲ್ಲೇ ಫ್ರಾನ್ಸಿನಲ್ಲಿ ಇಂಥದ್ದೊಂದು ಬಂದಿತ್ತು. ಕಾಫಿ ಮಾತ್ರ ನಮ್ಮ ಕಡೆಯಿಂದ ಅಲ್ಲಿಗೆ ಹೋದದ್ದು. ಹದಿನೈದನೇ ಶತಮಾನದ ಯೆಮೆನಿನಲ್ಲಿ ಶಾಜಲಿ ಪಂಥದ ಸೂಫಿಗಳು ರಾತ್ರಿಯ ಜಿಕ್ರ್‌ಗೆ ನಿದ್ದೆ ಬರದಿರಲೆಂದು ಕಹ್ವಾ ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಅದನ್ನು ನಿಷೇಧಿಸಿದ, ಕೈರೋದ ಸುಲ್ತಾನ ಆ ನಿಷೇಧವನ್ನು ಉಳಿಸಲಿಲ್ಲ. ಬಾಬಾ ಬುಡನ್ ಅವರು ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಓದುಗರು ನೂರು ಸಲ ಕೇಳಿರುತ್ತೀರಿ. ನಾನೂ ಉರ್ದು ಶಾಲೆಯಲ್ಲಿ ಕೇಳಿದ್ದೆ, ಏಳು ಬೀಜ ಎಣಿಸಿ ಹೆಮ್ಮೆಪಟ್ಟಿದ್ದೆ. ಬಿತ್ತಿದವರ ಕತೆ ಹೀಗೆ ಎಲ್ಲರಿಗೂ ಗೊತ್ತು. ಬಿಡಿಸುವವರ ಕತೆ ಗೊತ್ತಿರುವುದು ನಮ್ಮ ಸೀಮೆಯವರಿಗೆ.

2021ರಿಂದ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ವಿಜಯನಗರ ಜಿಲ್ಲೆ. ಜಿಲ್ಲೆ ಯಾವುದಾದರೂ ಗುಳೆ ತಪ್ಪಿಲ್ಲ. ಮಳೆ ನಂಬಿದ ಹೊಲ, ಶೇಂಗಾ, ಮೆಕ್ಕೆಜೋಳ. ಅದು ಮುಗಿದರೆ ಕೆಲಸವಿಲ್ಲ. ದೀಪಾವಳಿಯಲ್ಲಿ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡಿದ ಕೆಲವೇ ದಿನಕ್ಕೆ ಮೇಸ್ತ್ರಿಯ ಗಾಡಿ ಬಂದು ನಿಲ್ಲುತ್ತದೆ. ಒಂದಷ್ಟು ಜನ ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಒಂದಷ್ಟು ಜನ ಕಾಫಿ ಸೀಮೆಗೆ, ಅಂದರೆ ಚಿಕ್ಕಮಗಳೂರು, ಹಾಸನ, ಕೊಡಗಿಗೆ. ಈಗೀಗ ಅಲ್ಲಿಗೆ ಅಸ್ಸಾಂ, ಜಾರ್ಖಂಡ್‌ನವರೂ ಬರುತ್ತಾರೆ. ನಮ್ಮವರು ಹೋಗುವುದು ನಿಂತಿಲ್ಲ.

ಏಳನೇ ತರಗತಿಯವರೆಗೆ ಉರ್ದುವಿನಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಸೇರಿದಾಗ ನನ್ನ ಬೆಂಚಿನಲ್ಲಿ ತಾಂಡಾದ ಹುಡುಗಿಯೊಬ್ಬಳು ಕೂರುತ್ತಿದ್ದಳು. ಇಬ್ಬರಿಗೂ ಕನ್ನಡ ಮನೆಮಾತಲ್ಲ. ಆದರೆ ಅವಳು ಒಂದನೇ ತರಗತಿಯಿಂದ ಕನ್ನಡದಲ್ಲೇ ಓದಿದವಳು. ನನಗೆ ಒತ್ತಕ್ಷರ ಬರುತ್ತಿರಲಿಲ್ಲ. ಹಣ್ಣು ಎಂದು ಬರೆಯಲು ಹೋಗಿ ಹಣು ಎಂದು ಬರೆದು, ಇಡೀ ತರಗತಿಯ ನಗೆಗೆ ಗುರಿಯಾಗಿದ್ದೆ. ಅವಳು ಮಧ್ಯಾಹ್ನ ಊಟದ ಬಿಡುವಿನಲ್ಲಿ ನೆಲದ ಮೇಲೆ ಕಡ್ಡಿಯಿಂದ ಬರೆದು, ಯಾವ ಅಕ್ಷರದ ಕೆಳಗೆ ಯಾವುದು ಕೂರುತ್ತದೆ ಎಂದು ತಿದ್ದಿಸಿದಳು. ನನ್ನ ಕತೆಗಳನ್ನು ಓದಿದವರು ಭಾಷೆ ಚೆನ್ನಾಗಿದೆ ಎಂದಾಗಲೆಲ್ಲ ನನಗೆ ಆ ಕಡ್ಡಿ ನೆನಪಾಗುತ್ತದೆ. ಎಂಟನೇ ತರಗತಿಯಲ್ಲಿ ಅವಳು ದೀಪಾವಳಿಗೆ ಹೋಗಿ ಯುಗಾದಿಯ ಹೊತ್ತಿಗೆ ಬಂದಳು, ಹೇಗೋ ಪಾಸಾದಳು. ಒಂಬತ್ತರಲ್ಲಿ ಹೋದವಳು ಬರಲಿಲ್ಲ. ಹಾಜರಿ ಕೂಗುವಾಗ ಕೆಲವು ದಿನ ಅವಳ ಹೆಸರು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ನಾನು ಬೆಂಚಿನಲ್ಲಿ ಸರಿದು ಕೂತೆ. ಮನೆ ಎಲ್ಲಿ, ಯಾಕೆ ಬರಲಿಲ್ಲ ಎಂದು ವಿಚಾರಿಸಲಿಲ್ಲ.

ಈ ಜೂನ್ ತಿಂಗಳಲ್ಲಿ ಒಂದು ಭಾನುವಾರ ಅವಳು ನಮ್ಮ ಬಾಗಿಲಿಗೆ ಬಂದಳು. ಮೂವತ್ತು ವರ್ಷವಾಗಿತ್ತು. ಮದುವೆಯಾಗಿ ಹರಪನಹಳ್ಳಿ ಕಡೆಯ ತಾಂಡಾಕ್ಕೆ ಹೋದವಳಂತೆ. ನಾನು ಶಾಲೆಯಲ್ಲಿದ್ದೇನೆ, ಅರ್ಜಿ ಬರೆದುಕೊಡುತ್ತೇನೆ ಎಂದು ಯಾರೋ ಹೇಳಿದ್ದರು. ಕಿರಿಯ ಮಗಳು ಒಂಬತ್ತನೇ ತರಗತಿ, ಹಾಸ್ಟೆಲ್ಲಿಗೆ ಹಾಕಬೇಕಿತ್ತು.

"ಅಕೀನ ಕರ್ಕೊಂಡು ಹೋಗಂಗಿಲ್ಲ ಈ ಸರ್ತಿ," ಎಂದಳು. ನಾನು ಏನು ಹೇಳಬೇಕೋ ತಿಳಿಯದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಅವಳೂ ಹಿಂದೆಯೇ ಅಡುಗೆಮನೆಗೆ ಬಂದಳು. ಡಬ್ಬಿಯ ಹುರಿದ ಬೀಜವೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿ, "ಅರೇಬಿಕಾ ಇದು. ರೊಬಸ್ಟಾ ಗುಂಡಗಿರ್ತೈತಿ," ಎಂದಳು. ನಾನು ಪೊಟ್ಟಣದ ಮೇಲೆ ಓದಿ ತಿಳಿದುಕೊಂಡಿದ್ದೆ.

"ನೀವು ಅಲ್ಲಿ ಕುಡಿಯೋದು ಇಂಥದ್ದೇ ಕಾಫಿನಾ?"

"ಎಲ್ಲಿದಬೇ. ಲೈನ್ ಮನ್ಯಾಗ ನಾವು ಚಾನ ಕಾಸ್ಕೊಂಡು ಕುಡೀತೀವಿ. ಈ ಕಡಿಂದ ಹೋಗೋವಾಗ ಪುಡಿ ಕಟ್ಕೊಂಡ ಹೋಗಿರ್ತೀವಿ."

ನಾಲ್ಕು ನಿಮಿಷ ಕಾಯಬೇಕೆಂದಾಗ ಅವಳಿಗೆ ನಗು ಬಂತು. ಆ ಹೊತ್ತಿನಲ್ಲಿ ಅವಳೇ ಹೇಳಿದಳು: ಕೆಂಪಾದ ಹಣ್ಣನ್ನಷ್ಟೇ ಬಿಡಿಸಬೇಕು, ಹಸಿರು ಕಾಯಿ ಬಿದ್ದರೆ ರೈಟರ್ ಬೈಯುತ್ತಾನೆ, ಕೊಂಬೆ ಬಗ್ಗಿಸಿದರೆ ಮೈಮೇಲೆ ಚಿಗಳಿ ಇರುವೆ ಸುರಿಯುತ್ತವೆ, ಸಂಜೆ ಚೀಲ ತೂಗಿ ಕೆ.ಜಿ. ಲೆಕ್ಕ ಬರೆಯುತ್ತಾರೆ. ಕಾಫಿ ಸೀಮೆಯಲ್ಲಿ ರೈಟರ್ ಎಂದರೆ ತೋಟದ ಲೆಕ್ಕ ಬರೆಯುವವನು. "ನೀನೂ ರೈಟರ್ ಆಗೀ ಅಂತಲ್ಲ. ಎಷ್ಟು ಚೀಲ ಬರದಿ?" ಎಂದು ಕೇಳಿದಳು. ನಾನು ಎರಡು ಪುಸ್ತಕ ಎಂದೆ.

ಹಿಂದೊಂದು ದಿನ ನಾನು ಹುಚ್ಚಿಗೆ 15 ಗ್ರಾಂ ಬೀಜವನ್ನು ಎಣಿಸಿದ್ದೆ, 112 ಇದ್ದವು. ಅದನ್ನು ಹೇಳಿದೆ. "ಹಣ್ಣಿಗೆರಡು ಬೀಜ. 56 ಹಣ್ಣು," ಎಂದಳು ತಕ್ಷಣ. ಲೆಕ್ಕದಲ್ಲೂ ಅವಳೇ ಮುಂದಿದ್ದಳು. "ಒಂದು ಲೋಟಕ್ಕ ಅಷ್ಟು ಬೇಕೇನು? ಮತ್ತ ನಾವು ಬಿಡಿಸಿದ್ದು ಎಷ್ಟು ಲೋಟ ಆತೋ ಏನೋ."

ಸರಳನ್ನು ಅವಳ ಕೈಯಿಂದಲೇ ಒತ್ತಿಸಿದೆ. ಹಾಲು, ಸಕ್ಕರೆ ಇಲ್ಲದೆ ಮೊದಲು ಹಾಗೇ ಕುಡಿದು ನೋಡು ಎಂದೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ರುಚಿ ಹತ್ತಿತೆಂದು ನಾನು ಅಂದುಕೊಂಡೆ. "ಕಷಾಯ ಇದ್ದಂಗೈತಿ. ಇದನ್ನ ಕುಡ್ಯಾಕ ಇಷ್ಟು ದೊಡ್ಡ ತ್ರಾಸ ಯಾಕ ತಗಂತಿ?" ಎಂದಳು. ಸಕ್ಕರೆ ಹಾಕಿ, ಹಾಲು ಬೆರೆಸಿ ಕೊಟ್ಟೆ. ಆಗ ಪೂರ್ತಿ ಕುಡಿದಳು, ತಳದ ಗಸಿಯನ್ನೂ ಬಿಡಲಿಲ್ಲ. ಅದನ್ನು ಚೆಲ್ಲಬೇಕೆಂದು ನಾನು ಹೇಳುವ ಹೊತ್ತಿಗೆ ಲೋಟ ಖಾಲಿಯಾಗಿತ್ತು.

ಅರ್ಜಿ ಹರಡಿಕೊಂಡು ಕೂತೆವು. ಮಗಳ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಬರೆದೆ. ತಾಯಿಯ ಉದ್ಯೋಗ ಎಂಬಲ್ಲಿ ಪೆನ್ನು ನಿಂತಿತು.

"ಕೂಲಿ ಅಂತ ಬರೀಲಾ?"

"ಎಲ್ಲಾರೂ ಅದನ್ನ ಬರೀತಾರ," ಎಂದು ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕಾಫಿ ಹಣ್ಣು ಬಿಡಿಸೋದು ಅಂತ ಬರಿ."

ಬರೆದೆ. ಕೊಟ್ಟ ಜಾಗ ಸಾಲದೆ ಕೊನೆಯ ಪದ ಕೆಳಗಿನ ಸಾಲಿಗೆ ಹೋಯಿತು. ಅವಳು ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು.

"ಒತ್ತು ಹಾಕೀ ಬಿಡು," ಎಂದಳು.