ಬೀಳದ ಬಾತುಕೋಳಿ

ಮನೆಯ ಅಟ್ಟ ಎಂಬುದು ಒಂದು ವಿಚಿತ್ರವಾದ ಸ್ಥಳ. ಎಸೆಯಲು ಮನಸ್ಸು ಬಾರದ, ಬಳಸಲು ಬಾರದ ವಸ್ತುಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ತೂತುಬಿದ್ದ ಹಂಡೆ, ಅಜ್ಜನ ಕೊಡೆಯ ಕಾವು, ಯಾರದೋ ಮದುವೆಯಲ್ಲಿ ಉಳಿದ ಲಗ್ನಪತ್ರಿಕೆಗಳು ಇವೆಲ್ಲ ಅಲ್ಲಿ ಯಾವ ಭೇದವೂ ಇಲ್ಲದೆ ಒಟ್ಟಿಗೆ ಬಾಳುತ್ತವೆ. ನಮ್ಮ ಮನೆಯ ಅಟ್ಟದಲ್ಲಿ ಇವುಗಳ ಜೊತೆಗೆ ಒಂದು ವಿಡಿಯೊ ಗೇಮ್ ಪೆಟ್ಟಿಗೆಯೂ ಇದ್ದಿತು. ಕಳೆದ ಬೇಸಿಗೆಯ ರಜದಲ್ಲಿ ಅದು ಕೆಳಗಿಳಿದದ್ದೂ ಅದನ್ನು ಟಿ.ವಿ.ಯಲ್ಲಿ ಆಡಿಸಲು ನಾವು ಪಟ್ಟ ಪಾಡೂ ಈ ಲೇಖನದ ವಿಷಯ. ಬಿ.ಎ. ಓದುವವನಿಗೆ ಆಟದ ಪೆಟ್ಟಿಗೆಯ ಗೊಡವೆ ಏಕೆಂದು ಅಧ್ಯಾಪಕರು ಹುಬ್ಬೇರಿಸಿಯಾರು. ಕೊನೆಯವರೆಗೆ ಓದುವ ಕೃಪೆ ಮಾಡಬೇಕೆಂದು ಪ್ರಾರ್ಥನೆ.

ಟಿ.ವಿ.ಯನ್ನು ನೋಡುವುದಷ್ಟೇ ಅಲ್ಲ, ಅದರೊಡನೆ ಆಡಲೂಬಹುದು ಎಂದು ತೋರಿಸಿಕೊಟ್ಟವರು ಅಮೆರಿಕದ ರಾಲ್ಫ್ ಬೇಯರ್ ಎಂಬ ಇಂಜಿನಿಯರು. ಅವರ ಯೋಚನೆಯಿಂದ ಹುಟ್ಟಿದ 'ಆಡಿಸ್ಸಿ' ಯಂತ್ರ ೧೯೭೨ರಲ್ಲಿ ಮಾರಾಟಕ್ಕೆ ಬಂದಿತು. ಹನ್ನೊಂದು ವರ್ಷಗಳ ಅನಂತರ, ೧೯೮೩ರ ಜುಲೈ ತಿಂಗಳಲ್ಲಿ, ಜಪಾನಿನ ನಿಂಟೆಂಡೊ ಸಂಸ್ಥೆ 'ಫ್ಯಾಮಿಕಾಮ್' ಎಂಬ ಯಂತ್ರವನ್ನು ಹೊರತಂದಿತು. ಅದರ ನಕಲುಗಳು ೧೯೯೦ರ ದಶಕದಲ್ಲಿ ನಮ್ಮ ಪೇಟೆಗಳಲ್ಲೆಲ್ಲ ದೊರೆಯುತ್ತಿದ್ದುವು. ನಮ್ಮ ದೊಡ್ಡಪ್ಪ ತಂದದ್ದೂ ಅಂಥದೇ ಒಂದು ನಕಲು. ಮೂಲ ಯಂತ್ರಕ್ಕಿದ್ದ ಕೆಲಸದ ನೆನಪಿನ ಶಕ್ತಿ ಎರಡೇ ಕಿಲೋಬೈಟು. ಈ ಲೇಖನವನ್ನು ಅದರಲ್ಲಿ ತುಂಬಲು ಹೊರಟರೆ ಮೊದಲ ಪುಟ ಮುಗಿಯುವುದರೊಳಗೇ ಜಾಗ ಮುಗಿದುಹೋದೀತು. ಅಷ್ಟರಲ್ಲೇ ಮೀಸೆಯ ಮಾರಿಯೋ ಓಡುತ್ತಾನೆ, ಹಾರುತ್ತಾನೆ, ಬೀಳುತ್ತಾನೆ. ಬಡವನ ಮನೆಯ ಸಂಸಾರದ ಜಾಣ್ಮೆ ಅದು.

ಪೆಟ್ಟಿಗೆಯನ್ನು ಒರೆಸಿ ಮನೆಯ ಹೊಸ ಟಿ.ವಿ.ಗೆ ತಂತಿ ಜೋಡಿಸಿದೆವು. "ಸಿಗ್ನಲ್ ಇಲ್ಲ" ಎಂದು ಟಿ.ವಿ. ಘೋಷಿಸಿತು. ತಮ್ಮ ಕ್ಯಾಸೆಟ್ಟನ್ನು ಹೊರಗೆಳೆದು ಕೊಳಲೂದುವಂತೆ ಊದಿ ಮತ್ತೆ ಸಿಕ್ಕಿಸಿದ. ಐದಾರು ಸಲ ಊದಿದ ಮೇಲೆ ಚಿತ್ರವೇನೋ ಬಂದಿತು. ಆದರೆ ಅದರ ಮೇಲೆ ಕಪ್ಪು ಪಟ್ಟಿಯೊಂದು ಮೆಲ್ಲಗೆ ಹರಿದಾಡುತ್ತಿತ್ತು. ಗುಂಡಿ ಒತ್ತಿದರೆ ಮಾರಿಯೋ ಸ್ವಲ್ಪ ಯೋಚಿಸಿ ಹಾರುತ್ತಿದ್ದ. ಆ ಯೋಚನೆಯಲ್ಲೇ ಹಳ್ಳಕ್ಕೆ ಬೀಳುತ್ತಿದ್ದ. ಬಾತುಕೋಳಿಯ ಬೇಟೆಯ ಕತೆ ಇನ್ನೂ ದಾರುಣ. ಪ್ಲಾಸ್ಟಿಕ್ ಕೋವಿಯನ್ನು ತೆರೆಗೆ ಮುಟ್ಟಿಸಿ ಹೊಡೆದರೂ ಒಂದು ಕೋಳಿಯೂ ಬೀಳಲಿಲ್ಲ. ಹುಲ್ಲಿನ ಮರೆಯಿಂದ ನಾಯಿ ತಲೆಯೆತ್ತಿ ನಮ್ಮನ್ನು ನೋಡಿ ನಗುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿತ್ತು ಹಳೆಯ ಯಂತ್ರಕ್ಕೂ ಹೊಸ ಟಿ.ವಿ.ಗೂ.

ಆ ಭಾನುವಾರ ಊಟಕ್ಕೆ ನಮ್ಮ ಸೋದರಮಾವ ಬಂದಿದ್ದರು. ಅರಸೀಕೆರೆಯಲ್ಲಿ ರೈಲ್ವೆ ನಿಲ್ದಾಣದ ದಾರಿಯಲ್ಲಿ ಅವರದು ಟಿ.ವಿ. ರಿಪೇರಿಯ ಅಂಗಡಿ. ಮೂವತ್ತು ವರ್ಷ ನಡೆದ ಅಂಗಡಿಯನ್ನು ಆ ತಿಂಗಳ ಕೊನೆಗೆ ಖಾಲಿ ಮಾಡಬೇಕಾಗಿತ್ತು. ಬಾಡಿಗೆ ಹುಟ್ಟುತ್ತಿರಲಿಲ್ಲ, ಕೆಟ್ಟ ಟಿ.ವಿ.ಯನ್ನು ರಿಪೇರಿಗೆ ತರುವವರು ಕಡಮೆಯಾಗಿ ಹೊಸದನ್ನೇ ಕೊಳ್ಳುವವರು ಹೆಚ್ಚಾಗಿದ್ದರು. ಅಂದಿನಿಂದ ಮಾವ ಮಾತು ಕಡಮೆ ಮಾಡಿದ್ದರು. ಮಜ್ಜಿಗೆ ಕುಡಿಯುತ್ತ ನಮ್ಮ ಬೇಟೆಯನ್ನು ನೋಡುತ್ತಿದ್ದವರನ್ನು ನಾನು ಕೇಳಿದೆ:

"ಮಾವ, ಈ ಕೋವಿ ಕೆಟ್ಟಿದೆಯೇ?"

"ಕೋವಿ ಕೆಟ್ಟಿಲ್ಲ ಕಣೋ. ಅದು ನೋಡೋ ಬೆಳಕು ನಿಮ್ಮ ಟಿ.ವಿ.ಯಲ್ಲಿ ಇಲ್ಲ. ನಾಳೆ ಅಂಗಡಿಗೆ ತಗೊಂಡು ಬಾ."

ಹಲವು ದಿನಗಳ ಮೇಲೆ ಮಾವ ಆಡಿದ ಉದ್ದನೆಯ ಮಾತು ಅದು. ಅಮ್ಮ ಅಡಿಗೆಮನೆಯಿಂದ ಹೊರಗೆ ಬಂದು ನೋಡಿದರು.

ಮರುದಿನ ಅಂಗಡಿಯಲ್ಲಿ ಮಾವ ಮೊದಲು ಕ್ಯಾಸೆಟ್ಟನ್ನು ಕೈಗೆತ್ತಿಕೊಂಡರು. "ಊದಬಾರದು, ಬಾಯಿನ ತೇವಕ್ಕೆ ಲೋಹ ಹಸಿರಾಗುತ್ತೆ" ಎನ್ನುತ್ತ ಬಿಳಿಯ ರಬ್ಬರಿನಿಂದಲೂ ಸ್ಪಿರಿಟ್ಟಿನಿಂದಲೂ ಅದರ ೬೦ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದರು. ಆಮೇಲೆ ಪೆಟ್ಟಿಗೆ ಬಿಚ್ಚಿದರು. ಒಳಗೆ ಒಂದು ಕಂಡೆನ್ಸರು ತಲೆಯುಬ್ಬಿಸಿ ನಿಂತಿತ್ತು. ಗೋಡೆಯಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಸಮಮಾಡುವುದು ಅದರ ಕೆಲಸ. ಒಳಗಿನ ರಸ ಒಣಗಿದ ಮೇಲೆ ಆ ಏರಿಳಿತವೇ ಚಿತ್ರದ ಮೇಲೆ ಕಪ್ಪು ಪಟ್ಟಿಯಾಗಿ ತೇಲುತ್ತಿತ್ತು. ಡಬ್ಬಿಯಿಂದ ಇನ್ನೊಂದನ್ನು ಹುಡುಕಿ ತೆಗೆದು ಬೆಸುಗೆ ಹಾಕಿದರು. ಆ ಕೈ ನಡುಗಲಿಲ್ಲ.

ಕೋವಿಯ ರಹಸ್ಯವನ್ನು ಕೆಲಸ ಮಾಡುತ್ತಲೇ ಬಿಡಿಸಿ ಹೇಳಿದರು. ಆ ಕೋವಿಯಿಂದ ಏನೂ ಹೊರಡುವುದಿಲ್ಲ. ಅದು ಬರಿಯ ಕಣ್ಣು. ಕುದುರೆಯನ್ನೆಳೆದೊಡನೆ ತೆರೆಯೆಲ್ಲ ಒಂದು ಕ್ಷಣ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿಯ ಚೌಕವೊಂದು ಮೂಡುತ್ತದೆ. ಕತ್ತಲೆಯ ಹಿಂದೆಯೇ ಬೆಳಕು ಕಂಡರೆ ಗುರಿ ತಾಗಿತೆಂದು ಲೆಕ್ಕ. ಈ ಕ್ಷಣವೆಂದರೆ ಸೆಕೆಂಡಿನಲ್ಲಿ ಐವತ್ತನೆಯ ಒಂದು ಭಾಗ. ಹಳೆಯ ಗಾಜಿನ ಟ್ಯೂಬಿನ ಟಿ.ವಿ. ಸೆಕೆಂಡಿಗೆ ೧೫,೬೨೫ ಗೆರೆಗಳನ್ನೆಳೆಯುತ್ತ, ಬಂದ ಚಿತ್ರವನ್ನು ಬಂದ ಹಾಗೆಯೇ ಬರೆಯುತ್ತದೆ. ಕೋವಿಯ ಕಣ್ಣು ಹುಡುಕುವುದು ಆ ವೇಗದ ಮಿನುಗನ್ನೇ. ಹೊಸ ಟಿ.ವಿ. ಹಾಗಲ್ಲ. ಬಂದ ಚಿತ್ರವನ್ನು ಒಳಗೆ ಹಿಡಿದಿಟ್ಟು, ತಿದ್ದಿ, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನನಗೆ ನೆನಪಾಯಿತು. ಮಾರಿಯೋ ಹಳ್ಳಕ್ಕೆ ಬೀಳುತ್ತಿದ್ದುದಕ್ಕೂ ಈ ವಿಳಂಬವೇ ಕಾರಣ.

ಅಂಗಡಿಯ ಮೂಲೆಯಲ್ಲಿ ಟ್ಯೂಬಿನ ಟಿ.ವಿ.ಗಳು ಸಾಲಾಗಿದ್ದುವು. ಮಾವ ಒಂದನ್ನು ಆರಿಸಿ ಬೆನ್ನು ಬಿಚ್ಚಿದರು. ಬಣ್ಣದ ಟ್ಯೂಬಿನೊಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡವಿರುತ್ತದೆ. ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು. ಆದ್ದರಿಂದ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ತಾವು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಬಲಗೈಯಿಂದ ಕೆಲಸ ಮಾಡಿದರು. ಎರಡು ಕೈಯೂ ಒಳಗಿದ್ದರೆ ವಿದ್ಯುತ್ತು ಎದೆಯ ಮೂಲಕ ಹರಿದೀತೆಂಬುದು ಹಳೆಯ ಮೆಕ್ಯಾನಿಕ್ಕುಗಳ ನಿಯಮ. ಆ ಟಿ.ವಿ.ಯ ಹಿಂದಿನ ಚಿತ್ರದ ತೂತುಗಳಿಗೆ ತುಕ್ಕು ಹಿಡಿದಿತ್ತು. ಆಂಟೆನಾದ ಬಾಗಿಲೊಂದೇ ಉಳಿದದ್ದು. ಯಂತ್ರವನ್ನು ಅಲ್ಲಿಗೆ ಜೋಡಿಸಿ ಚಾನೆಲುಗಳನ್ನು ಹುಡುಕುತ್ತ ಹೋದಂತೆ, ಮರಳು ಸುರಿದಂಥ ತೆರೆಯ ನಡುವಿನಿಂದ ನೀಲಿ ಆಕಾಶ ಮೂಡಿ ನಿಂತಿತು. ಚಿತ್ರ ಬಂದಿತು, ಧ್ವನಿ ಮಾತ್ರ ಬುಸುಗುಟ್ಟುತ್ತಿತ್ತು.

ಮಾವ ಆಲಿಸಿ ನಕ್ಕರು. "ಇದು ಚೀನಾದ ಲೆಕ್ಕಕ್ಕೆ ಮಾಡಿದ್ದು" ಎಂದರು. ಭಾರತದ ಪದ್ಧತಿಯಲ್ಲಿ ಚಿತ್ರದ ಅಲೆಗೂ ಧ್ವನಿಯ ಅಲೆಗೂ ನಡುವೆ ೫.೫ ಮೆಗಾಹರ್ಟ್ಸ್ ಅಂತರ, ಚೀನಾದಲ್ಲಿ ೬.೫. ಟಿ.ವಿ.ಯ ಕಿವಿ ಒಂದು ಮನೆಯ ಬಾಗಿಲಲ್ಲಿದ್ದರೆ ಧ್ವನಿ ಪಕ್ಕದ ಮನೆಯಲ್ಲಿ ಮಾತನಾಡುತ್ತಿತ್ತು. ರಿಮೋಟಿನಲ್ಲಿ ಪದ್ಧತಿಯನ್ನು 'ಬಿ-ಜಿ'ಯಿಂದ 'ಡಿ-ಕೆ'ಗೆ ಬದಲಾಯಿಸಿದರು. ಸಂಗೀತ ಕೇಳಿಸಿತು. ಕೋವಿಯನ್ನು ನನ್ನ ಕೈಗೆ ಕೊಟ್ಟರು. ಮೊದಲ ಏಟಿಗೇ ಬಾತುಕೋಳಿ ಬಿದ್ದಿತು. ಪಕ್ಕದ ಸೈಕಲ್ ಅಂಗಡಿಯವರು, ಎದುರಿನ ಹೋಟೆಲಿನ ಹುಡುಗ ಎಲ್ಲರೂ ಬಂದು ಸೇರಿದರು. ಮಾವ ಮಾತ್ರ ಆಟವನ್ನು ನೋಡಲಿಲ್ಲ. ಬುಸುಗುಟ್ಟುವಿಕೆ ಪೂರ್ತಿ ಹೋಯಿತೇ ಎಂದು ತಲೆ ವಾಲಿಸಿ ಕೇಳುತ್ತಿದ್ದರು.

ತಿಂಗಳ ಕೊನೆಗೆ ಗುಜರಿಯವರು ಬಂದರು. ಟ್ಯೂಬಿನ ಕುತ್ತಿಗೆಯ ತಾಮ್ರದ ಸುರುಳಿಗೆ ಬೆಲೆ ಕಟ್ಟಿದರು. ಸೀಸ ಬೆರೆತ ಗಾಜಿಗೆ ಬೆಲೆಯಿಲ್ಲವೆಂದರು. ಮಾವನ ಕಿವಿಗೆ, ಕೈಗೆ, ಮೂವತ್ತು ವರ್ಷದ ತಿಳಿವಿಗೆ ಎಷ್ಟೆಂದು ಅವರು ಕೇಳಲಿಲ್ಲ. ಅವರ ತಕ್ಕಡಿ ಅಷ್ಟು ದೊಡ್ಡದಲ್ಲ. ಮಾವ ಆ ಒಂದು ಟಿ.ವಿ.ಯನ್ನು ಉಳಿಸಿಕೊಂಡು ಉಳಿದವನ್ನು ತೂಕಕ್ಕೆ ಹಾಕಿದರು. ಅಂಗಡಿ ಮುಚ್ಚಿತು. ಅದನ್ನು ತಪ್ಪಿಸುವುದು ಒಂದು ಆಟದ ಪೆಟ್ಟಿಗೆಯಿಂದ ಆಗುವ ಕೆಲಸವಾಗಿರಲಿಲ್ಲ.

ಈ ಹಾಸನ ಜಿಲ್ಲೆಯದೇ ಹಲ್ಮಿಡಿಯ ಶಾಸನವನ್ನು ನಾವು ತರಗತಿಯಲ್ಲಿ ಓದುತ್ತೇವೆ. ಕಲ್ಲು ಎಷ್ಟೋ ಶತಮಾನ ಇದ್ದೇ ಇದ್ದಿತು; ೧೯೩೬ರಲ್ಲಿ ಡಾ॥ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ ಮೇಲೆ ಅದು ನಮಗೆ ಮಾತನಾಡಿತು. ಓದುವವರಿದ್ದರೆ ಕಲ್ಲೂ ಮಾತನಾಡುತ್ತದೆ, ಇಲ್ಲದಿದ್ದರೆ ಟಿ.ವಿ.ಯೂ ಕಲ್ಲೇ. ಯಂತ್ರ ಸಾಯುವುದು ಕೆಟ್ಟಾಗ ಅಲ್ಲ, ಅದರ ಭಾಷೆಯನ್ನು ಬಲ್ಲವರು ಸುಮ್ಮನಾದಾಗ.

ಈಗ ಭಾನುವಾರಗಳಂದು ಮಾವ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಯಾವ ಪಟ್ಟಿ ಬಂದರೆ ಯಾವ ಕಂಡೆನ್ಸರು, ಯಾವ ಬುಸುಗುಟ್ಟುವಿಕೆಗೆ ಯಾವ ಮದ್ದು ಎಂದು ನೋಟುಪುಸ್ತಕದ ನಲವತ್ತು ಪುಟಗಳು ತುಂಬಿವೆ. ಮಾವ ಮೊದಲಿನಂತೆ ಮಾತನಾಡುತ್ತಾರೆ. ತಪ್ಪು ಬರೆದರೆ ಗದರುತ್ತಾರೆ. ಮಿತ್ರರೇ, ನಿಮ್ಮ ಮನೆಗಳಲ್ಲೂ ಇಂಥ ಒಬ್ಬರು ಇದ್ದಾರು. ಕಮ್ಮಾರಿಕೆಯೋ, ಅಚ್ಚುಮೊಳೆ ಜೋಡಿಸುವುದೋ, ಗಡಿಯಾರದ ರಿಪೇರಿಯೋ, ಯಾವುದಾದರೂ ಒಂದು ವಿದ್ಯೆ ಅವರ ಕೈಯಲ್ಲಿ ಸುಮ್ಮನೆ ಕುಳಿತಿದ್ದೀತು. ಈ ರಜದಲ್ಲಿ ಅವರ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿ.