ಸಿ.ವಿ. ರಾಮನ್ ನಗರದಿಂದ ಶಿವಾಜಿನಗರಕ್ಕೆ: ಒಂದು ಹೊಲಿಗೆ ಯಂತ್ರದ ವ್ಯಾಪಾರ

ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ಮದರಾಸು ರಸ್ತೆಯಿಂದ ದಕ್ಷಿಣಕ್ಕೆ ತಿರುಗಿ ಬೈಯಪ್ಪನಹಳ್ಳಿಯನ್ನು ದಾಟಿದರೆ ಸಿ.ವಿ. ರಾಮನ್ ನಗರವು ದೊರೆಯುತ್ತದೆ. ಸರ್ ಸಿ.ವಿ. ರಾಮನ್ನರು 1933ರಲ್ಲಿ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು, 1970ರಲ್ಲಿ ಈ ಊರಿನಲ್ಲಿಯೇ ದಿವಂಗತರಾದರು. ಅವರು ಕೆಲಸಮಾಡಿದ ಮಂದಿರವೂ ಅವರು ಕಟ್ಟಿದ ಸಂಶೋಧನಾಲಯವೂ ಇರುವುದು ಊರಿನ ಇನ್ನೊಂದು ಕೊನೆಯಲ್ಲಿ. ಅವರ ಹೆಸರು ಮಾತ್ರ ಪೂರ್ವಕ್ಕೆ ಬಂದು ನೆಲಸಿದೆ. 1928ರಲ್ಲಿ ಕಲಕತ್ತೆಯಲ್ಲಿ ಅವರು ಕಂಡುಹಿಡಿದು, 1930ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಪ್ರಸಿದ್ಧ ಪರಿಣಾಮಕ್ಕೆ ಬಳಸಿದ ಉಪಕರಣಗಳ ಬೆಲೆಯು ಇನ್ನೂರು ರೂಪಾಯಿಗಳೊಳಗೇ ಇದ್ದಿತೆಂದು ಪ್ರತೀತಿಯುಂಟು. ಉಪಕರಣವನ್ನು ಕೊಳ್ಳಹೊರಡುವವರು ಈ ಮಾತನ್ನು ನೆನೆದು ಹೊರಡುವುದು ಒಳ್ಳೆಯದು.

ಈ ನಗರದ ಹೆಸರನ್ನು ಕೇಳಿದೊಡನೆ ಜನರಿಗೆ ನೆನಪಾಗುವುದು ರಕ್ಷಣಾ ಇಲಾಖೆಯ ಪ್ರಯೋಗಶಾಲೆಗಳು ಮತ್ತು ಬಾಗ್ಮನೆ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು. ಆದರೆ ಕಗ್ಗದಾಸಪುರದ ಕಡೆಯ ಗಲ್ಲಿಗಳಲ್ಲಿ ಹೊಕ್ಕು ನೋಡಿದರೆ ಮತ್ತೊಂದು ಕೈಗಾರಿಕೆಯೂ ನಡೆಯುತ್ತಿರುವುದು ಕಾಣುತ್ತದೆ. ಬಾಗಿಲ ಪಕ್ಕದಲ್ಲಿ ಕೈಬರಹದ ಹಲಗೆ: ರವಿಕೆ ಹೊಲಿದುಕೊಡಲಾಗುವುದು, ಸೀರೆಗೆ ಫಾಲ್ ಹಾಕಲಾಗುವುದು, ಕುಚ್ಚು ಕಟ್ಟಲಾಗುವುದು. ಒಳಗೆ ಒಂದೇ ಕೋಣೆ, ಕಿಟಕಿಯ ಬೆಳಕಿಗೆ ಒಂದು ಯಂತ್ರ, ಅದರ ಮುಂದೆ ಒಬ್ಬ ಗೃಹಿಣಿ. ಅಮರಸಿಂಹನು ತನ್ನ ಕೋಶದಲ್ಲಿ ದರ್ಜಿಗೆ ‘ತುನ್ನವಾಯ’, ‘ಸೌಚಿಕ’ ಎಂಬ ಎರಡು ಹೆಸರುಗಳನ್ನು ಹೇಳಿದ್ದಾನೆ. ಸೂಚಿಯಿಂದ ಜೀವಿಸುವವನು ಸೌಚಿಕನು. ಇಂದು ಈ ಗಲ್ಲಿಗಳಲ್ಲಿ ಸೂಚಿಯಿಂದ ಜೀವಿಸುವವರಲ್ಲಿ ಹೆಂಗಸರು ಬಹುಮಂದಿ.

ನಮ್ಮ ನೆರೆಮನೆಯ ಹೆಣ್ಣುಮಗಳೂ ಅಂಥವರಲ್ಲಿ ಒಬ್ಬಳು. ಎರವಲು ತಂದ ಯಂತ್ರದಲ್ಲಿ ನಾಲ್ಕು ವರ್ಷ ಹೊಲಿದು ಇಬ್ಬರು ಮಕ್ಕಳ ಶಾಲೆಯ ಖರ್ಚನ್ನು ನಡೆಸಿದವಳು. ಯಂತ್ರದ ಒಡತಿಯು ಅದನ್ನು ಹಿಂದಕ್ಕೆ ಕೇಳಿದಳು. ದೀಪಾವಳಿಗೆ ಒಂದು ತಿಂಗಳಿದ್ದಿತು. ರವಿಕೆಯ ಬಟ್ಟೆಗಳು ಮೂಟೆಯಾಗಿ ಬಂದು ಬಿದ್ದಿದ್ದುವು. ಚೀಟಿ ಎತ್ತಿ ತಂದ 11,000 ರೂಪಾಯಿ ಆಕೆಯ ಕೈಯಲ್ಲಿದ್ದಿತು. ಅದರ ಆಚೆಗೆ ಒಂದು ಕಾಸೂ ಇರಲಿಲ್ಲ. “ಮೇಷ್ಟ್ರೇ, ಅಂಗಡಿಯವರ ಮಾತು ನನಗೆ ತಿಳಿಯೋದಿಲ್ಲ, ನೀವು ಜೊತೆಗೆ ಬನ್ನಿ” ಎಂದಳು. ಯಂತ್ರದ ವಿಷಯವನ್ನು ನಾವು ಪುಸ್ತಕದಿಂದ ಬಲ್ಲೆವೇ ಹೊರತು ಕೈಯಿಂದ ಬಲ್ಲವರಲ್ಲ. ಆದರೂ ಒಪ್ಪಿದೆವು.

ಹೊರಡುವ ಮೊದಲೇ ನಿರ್ಣಯಿಸತಕ್ಕ ವಿಷಯವೊಂದುಂಟು: ಯಂತ್ರವು ಯಾವ ಕೆಲಸಕ್ಕೆ? ಪೇಟೆಯಲ್ಲಿ ಮುಖ್ಯವಾಗಿ ಮೂರು ಜಾತಿಯ ಯಂತ್ರಗಳಿವೆ. ಮೊದಲನೆಯದು ನಮ್ಮ ತಾಯಂದಿರ ಕಾಲದಿಂದ ಬಂದ ಕಪ್ಪು ಕಬ್ಬಿಣದ ಯಂತ್ರ. ನೇರ ಹೊಲಿಗೆಯೊಂದನ್ನೇ ಬಲ್ಲದು, ಆದರೆ ಬಹುಕಾಲ ಬಾಳುತ್ತದೆ. ಎರಡನೆಯದು ವಿದ್ಯುತ್ತಿನಿಂದ ನಡೆಯುವ ಬಿಳಿಯ ಹಗುರ ಯಂತ್ರ. ಜಿಗ್‌ಜಾಗ್, ಕಾಜಾ, ಕಸೂತಿಯ ಬಗೆಗಳೂ ಅದಕ್ಕೆ ಬರುತ್ತವೆ. ಮೂರನೆಯದು ಗಾರ್ಮೆಂಟ್ ಕಾರ್ಖಾನೆಯ ಯಂತ್ರ. ನಿಮಿಷಕ್ಕೆ 4,000ದಿಂದ 5,000 ಹೊಲಿಗೆ ಹಾಕಬಲ್ಲದು. ಮನೆಯ ವಿದ್ಯುತ್ ಯಂತ್ರದ ವೇಗವು ಸಾಮಾನ್ಯವಾಗಿ 800ರಿಂದ 1,000. ಸೂಜಿಗಳೂ ಬೇರೆ ಬೇರೆ: ಮನೆಯ ಯಂತ್ರದ ಸೂಜಿಯ ಬುಡವು ಒಂದು ಪಕ್ಕ ಚಪ್ಪಟೆ, ಕಾರ್ಖಾನೆಯದು ಗುಂಡು, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ದಿನಕ್ಕೆ ನಾಲ್ಕೈದು ರವಿಕೆ ಹೊಲಿಯುವವರಿಗೆ ಕಾರ್ಖಾನೆಯ ವೇಗ ಬೇಡ. ವರ್ಷಕ್ಕೊಮ್ಮೆ ಬಳಸುವ ಹದಿನೈದು ಬಗೆಯ ಹೂವಿನ ಹೊಲಿಗೆಗೆ ಹಣ ಸುರಿಯುವುದೂ ಬೇಡ. ಕಪ್ಪು ಯಂತ್ರಕ್ಕೆ ಕಾಲಿನ ಸ್ಟ್ಯಾಂಡನ್ನೂ ಒಂದು ಸಣ್ಣ ಮೋಟಾರನ್ನೂ ಸೇರಿಸಿಕೊಳ್ಳುವುದೆಂದು ಆಕೆಯೇ ನಿಶ್ಚಯಿಸಿದಳು. “ಕರೆಂಟು ಹೋದರೆ ಕಾಲಿದೆಯಲ್ಲ ಮೇಷ್ಟ್ರೇ” ಎಂಬುದು ಆಕೆಯ ವಾದ.

ಬೈಯಪ್ಪನಹಳ್ಳಿಯವರೆಗೆ ಆಟೋರಿಕ್ಷಾ, ಅಲ್ಲಿಂದ ಮೆಟ್ರೋ. ಬೆಂಗಳೂರಿನ ಮೊಟ್ಟಮೊದಲ ಮೆಟ್ರೋ ಗಾಡಿಯು 2011ರ ಅಕ್ಟೋಬರ್ 20ರಂದು ಓಡಿದುದು ಈ ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆಯೇ. ಇಂದಿರಾನಗರವನ್ನು ದಾಟಿ ಮೊದಲು ಹಲಸೂರಿನಲ್ಲಿ ಇಳಿದೆವು. ಸೋಮೇಶ್ವರನ ಪುರಾತನ ದೇವಾಲಯವಿರುವ ಈ ಊರು ಬ್ರಿಟಿಷರ ದಂಡು ಬರುವುದಕ್ಕೆ ಬಹು ಮುಂಚಿನದು. 1809ರಲ್ಲಿ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ಸೈನ್ಯದ ಹಿಂದೆಯೇ ವರ್ತಕರೂ ದರ್ಜಿಗಳೂ ಬಂದು ನೆಲಸಿದರು. ಹಲಸೂರಿನ ಪೇಟೆಯೂ ಶಿವಾಜಿನಗರದ ಬಟ್ಟೆಯ ಬೀದಿಗಳೂ ಹೀಗೆ ಬೆಳೆದುವು.

ಹಲಸೂರಿನ ಒಂದು ಅಂಗಡಿಯ ಮುಂದೆ ‘7,200 ರೂಪಾಯಿ ಮಾತ್ರ’ ಎಂಬ ಹಲಗೆ ತೂಗುತ್ತಿದ್ದಿತು. ಒಳಹೊಕ್ಕು ವಿಚಾರಿಸಲಾಗಿ, ಅದು ಯಂತ್ರದ ತಲೆಗೆ ಮಾತ್ರ, ಸ್ಟ್ಯಾಂಡು ಮತ್ತು ಮರದ ಹಲಗೆಗೆ 2,300, ಮೋಟಾರಿಗೆ 1,500, ಮನೆಗೆ ಸಾಗಿಸಲು 400. ನಾವು ಕಾಗದದ ಮೇಲೆ ಕೂಡಿಸಿದೆವು: 11,400. ತಲೆಯ ಬೆಲೆಯನ್ನು ಕೇಳಿ ಸಂತೋಷಪಟ್ಟವರು ಕಾಲಿನ ಬೆಲೆಯನ್ನು ಕೇಳಿ ದುಃಖಪಡುವುದು ಈ ವ್ಯಾಪಾರದ ರೀತಿ.

ಅಂಗಡಿಯ ಹುಡುಗನು ಗಂಜಿಹಾಕಿದ ದಪ್ಪ ಬಟ್ಟೆಯ ಒಂದು ತುಂಡನ್ನು ಯಂತ್ರಕ್ಕೆ ಕೊಟ್ಟು ಸರ್ರನೆ ಹೊಲಿದು ತೋರಿಸಿದನು. ಹೊಲಿಗೆಯು ಮುತ್ತು ಪೋಣಿಸಿದಂತಿದ್ದಿತು. ಆಕೆಯು ತನ್ನ ಚೀಲದಿಂದ ಮೂರು ತುಂಡುಗಳನ್ನು ತೆಗೆದಳು: ತೆಳು ರೇಷ್ಮೆಯ ಒಂದು ಪಟ್ಟಿ, ನಾಲ್ಕು ಮಡಿಕೆಯ ಹತ್ತಿಬಟ್ಟೆ, ಹಳೆಯ ಜೀನ್ಸಿನ ಅಂಚು. “ಅಣ್ಣಾ, ನಾನು ಹೊಲಿದು ನೋಡ್ತೀನಿ” ಎಂದು ತಾನೇ ಕುಳಿತಳು. ರೇಷ್ಮೆಯು ಸುಕ್ಕುಗಟ್ಟಿತು, ಬಟ್ಟೆಯ ಅಡಿಯಲ್ಲಿ ದಾರವು ಕುಣಿಕೆ ಕುಣಿಕೆಯಾಗಿ ನಿಂತಿತು.

ಇಲ್ಲಿ ಯಂತ್ರದ ಮರ್ಮವನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಎಲಿಯಾಸ್ ಹೋವೆಯು 1846ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿ ಇದ್ದಿತು. ಮೇಲಿನ ದಾರವು ಕೆಳಗಿನ ದಾರದೊಡನೆ ಹೆಣೆದುಕೊಳ್ಳುತ್ತಿದ್ದಿತು. ಇಂದಿನ ಯಂತ್ರವೂ ಮಾಡುವುದು ಇದನ್ನೇ. ಎರಡು ದಾರಗಳ ಬಿಗುವು ಸಮನಾಗಿದ್ದರೆ ಗಂಟು ಬಟ್ಟೆಯ ಮಧ್ಯದಲ್ಲಿ ಅಡಗಿ, ಎರಡು ಮುಖಗಳೂ ಒಂದೇ ತೆರನಾಗಿ ಕಾಣುತ್ತವೆ. ಅಡಿಯಲ್ಲಿ ಕುಣಿಕೆ ಬಿದ್ದರೆ ಸಾಮಾನ್ಯವಾಗಿ ಮೇಲಿನ ದಾರ ಸಡಿಲವೆಂದು ಅರ್ಥ. ಇದು ಯಂತ್ರದ ದೋಷವಲ್ಲ, ಹದದ ದೋಷ. ಬಲ್ಲವನು ತಿರುಪನ್ನು ಸ್ವಲ್ಪ ತಿರುಗಿಸಿದರೆ ಸರಿಹೋಗತಕ್ಕದ್ದು. ಹದಮಾಡಿಕೊಡಿರೆಂದು ಕೇಳಿದುದಕ್ಕೆ ಹುಡುಗನು, “ಹೊಸದಲ್ವಾ ಅಕ್ಕಾ, ಹೊಲೀತಾ ಹೊಲೀತಾ ಸರಿಹೋಗುತ್ತೆ” ಎಂದನು. ರಿಪೇರಿಯವರು ಯಾರು ಎಂದು ಕೇಳಲು, ಕಂಪನಿಗೆ ಫೋನು ಮಾಡಬೇಕೆಂದನು. ಕಡೆಗೆ ಮೆಲ್ಲಗೆ, ಬಿಲ್ಲು ಬೇಡವೆಂದರೆ 600 ರೂಪಾಯಿ ಇಳಿಸುವುದಾಗಿಯೂ, ಈಗಲೇ ಸಾವಿರ ರೂಪಾಯಿ ಮುಂಗಡ ಕೊಡಬೇಕೆಂದೂ ಹೇಳಿದನು.

ಮುಂಗಡಕ್ಕೆ ನಮ್ಮ ಹಿರಿಯರು ‘ಸಂಚಕಾರ’ ಎನ್ನುತ್ತಿದ್ದರು. ಸಂಸ್ಕೃತದ ‘ಸತ್ಯಂಕಾರ’ವೆಂಬುದರ ತದ್ಭವ. ಆಡಿದ ಮಾತನ್ನು ಸತ್ಯವಾಗಿಸುವ ಹಣವೆಂದು ಅದರ ತಾತ್ಪರ್ಯ. ಲೋಕದ ಬಾಯಲ್ಲಿ ಅದೇ ಪದವು ಇಂದು ‘ಕೇಡು’ ಎಂಬ ಅರ್ಥಕ್ಕೆ ತಿರುಗಿದೆ. ಬಿಲ್ಲಿಲ್ಲದೆ ಮುಂಗಡ ಕೊಡುವವರನ್ನು ನೋಡಿಯೇ ಅರ್ಥವು ಹೀಗೆ ತಿರುಗಿರಬೇಕೆಂದು ನಮಗೆ ಅನೇಕ ವೇಳೆ ತೋರಿದೆ. ಬಿಲ್ಲಿಲ್ಲದಿದ್ದರೆ ಗ್ಯಾರಂಟಿಯಿಲ್ಲ, ಗ್ರಾಹಕರ ಆಯೋಗದ ಮುಂದೆ ದೂರಲು ಆಧಾರವೂ ಇಲ್ಲ. ನಾವು ನಮಸ್ಕಾರ ಹೇಳಿ ಹೊರಟೆವು.

ಪುನಃ ಗಾಡಿ ಹತ್ತಿ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಳಿದು, ಕಾಮರಾಜ ರಸ್ತೆಯ ಕಡೆಯಿಂದ ಕಮರ್ಷಿಯಲ್ ಬೀದಿಗೆ ನಡೆದೆವು. ಈ ಬೀದಿಯಲ್ಲೂ ಅಡ್ಡಬೀದಿಗಳಲ್ಲೂ ದಾರ, ಗುಂಡಿ, ಲೇಸು, ಅಸ್ತರಿನ ಬಟ್ಟೆಗಳಿಗೆ ಕೊರತೆಯಿಲ್ಲ. ಇನ್ನಷ್ಟು ಮುಂದೆ ಹೋದರೆ 1927ರ ರಸ್ಸೆಲ್ ಮಾರ್ಕೆಟ್ಟು. ‘ಸುಲಭ ಕಂತು’, ‘ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ’ ಎಂಬ ಹಲಗೆಗಳು ಇಲ್ಲಿಯೂ ಕಂಡುವು. ಇವು ಹೊಸ ಉಪಾಯಗಳಲ್ಲ. ಯಂತ್ರಕ್ಕೆ ಸುಮಾರು ನೂರು ಡಾಲರು ಬೆಲೆಯಿದ್ದ ಕಾಲದಲ್ಲಿ, 1856ರಲ್ಲಿಯೇ, ಐಸಾಕ್ ಸಿಂಗರನ ಪಾಲುಗಾರನಾದ ಎಡ್ವರ್ಡ್ ಕ್ಲಾರ್ಕನು ಕಂತಿನ ಮಾರಾಟವನ್ನು ಆರಂಭಿಸಿದನು. ಹಳೆಯ ಯಂತ್ರಗಳನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯೂ ಆ ಕಾಲದ್ದೇ. ಕಂತು ಬಡವರಿಗೆ ಉಪಕಾರವೇ ಸರಿ. ಆದರೆ ಎಲ್ಲಾ ಕಂತುಗಳನ್ನೂ ಕೂಡಿಸಿ, ರೊಕ್ಕದ ಬೆಲೆಯೊಡನೆ ಹೋಲಿಸಿ ನೋಡದೆ ಸಹಿ ಹಾಕಬಾರದು.

ಅಡ್ಡಬೀದಿಯ ಒಂದು ಸಣ್ಣ ಅಂಗಡಿಯನ್ನು ಹೊಕ್ಕೆವು. ಹಲಸೂರಿನಲ್ಲಿ ನೋಡಿದ ಅದೇ ಕಂಪನಿಯ ಅದೇ ಮಾದರಿಯು ಅಲ್ಲಿಯೂ ಇದ್ದಿತು. ಮೂಲೆಯಲ್ಲಿ ವೃದ್ಧರಾದ ರಿಪೇರಿಯವರೊಬ್ಬರು ಯಾರದೋ ಹಳೆಯ ಯಂತ್ರವನ್ನು ಬಿಚ್ಚಿಕೊಂಡು ಕುಳಿತಿದ್ದರು. ಆಕೆಯು ಮತ್ತೆ ತನ್ನ ಮೂರು ತುಂಡುಗಳನ್ನು ತೆಗೆದಳು. ಇಲ್ಲಿಯೂ ರೇಷ್ಮೆಯು ಮೊದಲು ಸುಕ್ಕುಗಟ್ಟಿತು! ವೃದ್ಧರು ಎದ್ದು ಬಂದು, “ಸ್ವಲ್ಪ ಏಳಮ್ಮಾ” ಎಂದು, ಸೂಜಿಯನ್ನು ತೆಗೆದು 11ನೆಯ ನಂಬರಿನ ಸಣ್ಣ ಸೂಜಿಯನ್ನು ಹಾಕಿ, ಬಿಗುವಿನ ತಿರುಪನ್ನು ಮುಟ್ಟಿ, ಬಾಬಿನ್ ಕೇಸನ್ನು ಕೈಯಲ್ಲಿ ತೂಗಾಡಿಸಿ ನೋಡಿ, ಹಿಂದಿರುಗಿಸಿದರು. ಎರಡನೆಯ ಸಲ ರೇಷ್ಮೆಯು ನೀರಿನಂತೆ ಹರಿಯಿತು. ಜೀನ್ಸಿಗೆ 16ನೆಯ ನಂಬರನ್ನು ಹಾಕಿಕೊಟ್ಟು, ಯಾವ ಬಟ್ಟೆಗೆ ಯಾವ ಸೂಜಿಯೆಂದು ಆಕೆಗೆ ಹೇಳಿಯೂ ಕೊಟ್ಟರು.

ಆಗ ನಮಗೆ ವಿಷಯವು ಸ್ಪಷ್ಟವಾಯಿತು. ಯಂತ್ರವು ಎರಡು ಕಡೆಯೂ ಒಂದೇ. ಕೊಳ್ಳತಕ್ಕದ್ದು ಯಂತ್ರವನ್ನಷ್ಟೇ ಅಲ್ಲ, ಅದನ್ನು ಹದದಲ್ಲಿ ಇಡುವ ಕೈಯನ್ನು ಕೂಡ. ಹಬ್ಬದ ಹಿಂದಿನ ವಾರ ಯಂತ್ರವು ನಿಂತುಹೋದರೆ, 600 ರೂಪಾಯಿ ಉಳಿಸಿದ ಸಂತೋಷವು ಎರಡು ದಿನವೂ ಬಾಳುವುದಿಲ್ಲ.

ಮುಂದೆ ಬೆಲೆಯ ಮಾತು. ಎಲ್ಲವೂ ಸೇರಿ 11,000 ಎಂದರು ಯಜಮಾನರು. ಡಬ್ಬದ ಮೇಲೆ ಅಚ್ಚಾದ ಎಂ.ಆರ್.ಪಿ.ಯು ಎಲ್ಲಾ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ; ಅದಕ್ಕಿಂತ ಕಡಿಮೆಗೆ ಕೇಳುವುದು ಗ್ರಾಹಕನ ಹಕ್ಕು. ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಯಂತ್ರದ ಮೇಲಿನ ಜಿ.ಎಸ್.ಟಿ.ಯು ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಹಳೆಯ ದಾಸ್ತಾನಿನ ಬೆಲೆಯು ಅದಕ್ಕೆ ತಕ್ಕಂತೆ ಇಳಿದಿದೆಯೇ ಎಂದು ಕೇಳುವುದರಲ್ಲಿ ಸಂಕೋಚವೇಕೆ? ನಾವು ಕೇಳಿದೆವು, ಯಜಮಾನರು ನಕ್ಕು 10,600ಕ್ಕೆ ಇಳಿದರು. ಅದಕ್ಕಿಂತ ಇಳಿಯಲಿಲ್ಲ. ಆಗ ಆಕೆಯು ಹಣದ ಮಾತನ್ನು ಬಿಟ್ಟು, “ಹತ್ತು ಬಾಬಿನ್ನು, ಎರಡು ಪೊಟ್ಟಣ ಸೂಜಿ, ಎಣ್ಣೆ ಕೊಡಿ ಅಣ್ಣಾ, ತಾತನವರೇ ಮನೆಗೆ ಬಂದು ಜೋಡಿಸಿಕೊಡಬೇಕು, ವರ್ಷದಲ್ಲಿ ಮೂರು ಸಲ ಸರ್ವೀಸು” ಎಂದಳು. ಹಣದಲ್ಲಿ ನೂರನ್ನು ಬಿಡಲೊಲ್ಲದ ವರ್ತಕರು ಇವೆಲ್ಲಕ್ಕೂ ಒಪ್ಪಿದರು. ಆಕೆಯ ಕೋರಿಕೆಯಂತೆ ಬಿಲ್ಲಿನ ಮೇಲೆ ಯಂತ್ರದ ನಂಬರನ್ನೂ, ಒಪ್ಪಿದ ಮಾತುಗಳನ್ನೂ, ತಾರೀಖನ್ನೂ ಬರೆಸಿಕೊಂಡೆವು. ಚೀಲದಲ್ಲಿ 400 ರೂಪಾಯಿ ಉಳಿಯಿತು. ಅಲ್ಲಿಯೇ ಬೀದಿಯಲ್ಲಿ ಆಕೆಯು ದಾರವನ್ನೂ ಅಸ್ತರನ್ನೂ ಕೊಂಡಳು.

ಗೃಹಸ್ಥರಿಗೆ ಇನ್ನೊಂದು ಸೂಚನೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಒಂದು. ಅರ್ಹರಿಗೆ ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವೂ, ನೂರಕ್ಕೆ 5ರ ಬಡ್ಡಿಯಲ್ಲಿ ಸಾಲವೂ ಇದರಲ್ಲಿ ಉಂಟು. ನಮ್ಮ ನೆರೆಯವಳಿಗೆ ಹಬ್ಬವು ಹತ್ತಿರವಾದುದರಿಂದ ಕಾಯಲು ಅವಕಾಶವಿರಲಿಲ್ಲ. ಕಾಯಬಲ್ಲವರು ಅಂಗಡಿಗೆ ಹೋಗುವ ಮೊದಲು ಇದನ್ನು ವಿಚಾರಿಸತಕ್ಕದ್ದು.

ಯಂತ್ರಗಳನ್ನು ಕುರಿತು ಕಠಿಣವಾಗಿ ಬರೆದ ಮಹಾತ್ಮಾ ಗಾಂಧಿಯವರೂ 1924ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಮನೆಯ ಹೆಣ್ಣುಮಕ್ಕಳ ಶ್ರಮವನ್ನು ಉಳಿಸಿ, ಅವರ ಕೈಯನ್ನು ನಿಷ್ಪ್ರಯೋಜಕ ಮಾಡದ ಯಂತ್ರವೆಂದರೆ ಇದೇ. ಆದುದರಿಂದ ವಾಚಕರಲ್ಲಿ ಯಾರಾದರೂ ಮಗಳಿಗಾಗಲಿ ಸೊಸೆಗಾಗಲಿ ಇದನ್ನು ಕೊಡಿಸಲು ಹೊರಟರೆ, ತಾವೊಬ್ಬರೇ ಹೋಗಿ ಬೆಲೆಯನ್ನು ಕುಗ್ಗಿಸಿ ಬಂದೆವೆಂದು ಹಿಗ್ಗುವುದು ಬೇಡ. ಹೊಲಿಯತಕ್ಕವಳನ್ನೇ ಕರೆದುಕೊಂಡು ಹೋಗಿರಿ. ಆಕೆಯ ಚೀಲದಲ್ಲಿ ಆಕೆ ದಿನವೂ ಹೊಲಿಯುವ ಬಟ್ಟೆಯ ತುಂಡುಗಳಿರಲಿ. ಅಂಗಡಿಯ ಮೂಲೆಯಲ್ಲಿ ಯಂತ್ರವನ್ನು ಬಿಚ್ಚಿಕೊಂಡು ಕುಳಿತವರು ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಿರಿ. ಬೆಲೆಯ ಹಲಗೆಯನ್ನು ಆಮೇಲೆ ಓದಬಹುದು.