ಕತ್ತಲೆಗೆ ಒಂದು ಲೀಟರ್ ಬಣ್ಣ

ಬಣ್ಣದಂಗಡಿಯಲ್ಲಿ ‘ಬಿಳಿ ಕೊಡಿ’ ಅಂದರೆ ಸಾಲದು. ‘ಯಾವ ಬಿಳಿ ಸಾರ್?’ ಎಂದು ಕೇಳಿದ ಕೌಂಟರಿನ ಹುಡುಗ. ಬಿಳಿ ಬಿಳಿ, ಅಂದೆ. ಅವನು ಮೊಳದುದ್ದದ ಶೇಡ್ ಕಾರ್ಡನ್ನು ನನ್ನ ಮುಂದೆ ಬಿಚ್ಚಿದ. ಮುತ್ತಿನ ಬಿಳಿ, ದಂತದ ಬಿಳಿ, ಕೆನೆಯ ಬಿಳಿ, ಮಲ್ಲಿಗೆಯ ಬಿಳಿ, ಮಂಜಿನ ಬಿಳಿ. ಒಂದೊಂದನ್ನೇ ನೋಡಿದರೆ ಎಲ್ಲವೂ ಬಿಳಿ. ಪಕ್ಕಪಕ್ಕ ಇಟ್ಟರೆ ಒಂದೂ ಬಿಳಿಯಲ್ಲ. ಒಂದರೊಳಗೆ ಹಳದಿ ಅಡಗಿ ಕೂತಿತ್ತು, ಇನ್ನೊಂದರೊಳಗೆ ಗುಲಾಬಿ, ಮತ್ತೊಂದರಲ್ಲಿ ಹಸಿರು. ‘ಯಾವ ಬಣ್ಣವೂ ಇಲ್ಲದ್ದು ಬೇಕಪ್ಪ’ ಅಂದೆ. ಅವನು ಒಳಗೆ ಹೋಗಿ ಮಾಲೀಕರನ್ನು ಕರೆತಂದ.

ಇದಕ್ಕೆಲ್ಲ ಕಾರಣ ನನ್ನ ಮಗಳು. ನಾನು ಬ್ಯಾಂಕಿನಿಂದ ನಿವೃತ್ತನಾದಾಗ ಹೈದರಾಬಾದಿನಿಂದ ಒಂದು ಪ್ರೊಜೆಕ್ಟರ್ ಕಳಿಸಿದಳು. ‘ಅಪ್ಪಾ, ನನ್ನ ರೂಮನ್ನೇ ಥಿಯೇಟರ್ ಮಾಡ್ಕೊಳ್ಳಿ, ಹೇಗೂ ಖಾಲಿ ಬಿದ್ದಿದೆ’ ಎಂದು ಫೋನಿನಲ್ಲಿ ಅಪ್ಪಣೆಯೂ ಆಯಿತು. ಪೂರ್ತಿ ಖಾಲಿಯೇನಲ್ಲ. ಈಗ ಅಲ್ಲಿ ಇಸ್ತ್ರಿ ಟೇಬಲ್ಲು, ಚಕ್ರ ಮುರಿದ ಸೂಟ್‌ಕೇಸುಗಳು, ಜೊತೆಗೆ ಎಂಟನೇ ಕ್ಲಾಸಿನಲ್ಲಿ ಅವಳು ಹಟ ಹಿಡಿದು ಹೊಡೆಸಿದ ಲ್ಯಾವೆಂಡರ್ ಬಣ್ಣ ವಾಸವಾಗಿವೆ. ಸಿದ್ಧ ಪರದೆ ಸಿಗುತ್ತದೆ, ನಿಜ. ಆದರೆ ನಯವಾದ ಗೋಡೆಗೆ ತಕ್ಕ ಬಣ್ಣ ಬಳಿದರೆ ಅಗ್ಗದ ಪರದೆಗಳಿಗಿಂತ ಅದೇ ಮೇಲು ಎಂದು ಬಲ್ಲವರು ಹೇಳುತ್ತಾರೆ. ಆಯುಷ್ಯವೆಲ್ಲ ಬೇರೆಯವರ ಸಾಲದ ಅರ್ಜಿಗಳನ್ನು ಅನುಮಾನದಿಂದ ನೋಡಿದ ನನಗೆ ಕಡಿಮೆ ಖರ್ಚಿನ ಈ ಮಾತು ವೇದವಾಕ್ಯವಾಯಿತು.

ಲ್ಯಾವೆಂಡರ್ ಗೋಡೆಯ ಮೇಲೆ ಮೊದಲು ಹಾಕಿದ್ದು ‘ಕಸ್ತೂರಿ ನಿವಾಸ’. 1971ರ ಕಪ್ಪುಬಿಳುಪು ಚಿತ್ರ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ದರು. ನಾನು ಹಾಕಿದ್ದು ಕಪ್ಪುಬಿಳುಪಿನದು. ಆದರೆ ನಮ್ಮ ಮನೆಯಲ್ಲಿ ಅದರ ಮೂರನೆಯ ಆವೃತ್ತಿ ತೆರೆಕಂಡಿತು. ರಾಜಕುಮಾರ್ ಅವರ ಅಂಗಿ ಲ್ಯಾವೆಂಡರ್, ಪಾರಿವಾಳ ಲ್ಯಾವೆಂಡರ್, ಜಯಂತಿಯವರ ಹಲ್ಲೂ ಲ್ಯಾವೆಂಡರ್. ‘ಚೆನ್ನಾಗೇ ಇದೆಯಲ್ರೀ, ಬೇರೆ ಎಲ್ಲೂ ಸಿಗಲ್ಲ ಇದು’ ಅಂದಳು ನನ್ನಾಕೆ. ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ತನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನಷ್ಟೇ ವಾಪಸ್ ಕೊಡುತ್ತದೆ. ಅದಕ್ಕೆ ನಟರೆಂಬ ದಾಕ್ಷಿಣ್ಯವಿಲ್ಲ.

ಮರುದಿನ, ಮನೆಯಲ್ಲೇ ಅತ್ಯಂತ ಬಿಳಿಯ ವಸ್ತುವಾದ ನನ್ನ ಮದುವೆಮನೆ ಪಂಚೆಯನ್ನು ಗೋಡೆಗೆ ಕಟ್ಟಿದೆ. ನೂಲಿನ ಸಂದಿನಿಂದ ಬೆಳಕು ಹಿಂದಕ್ಕೆ ತೂರಿತು, ಗೋಡೆಯನ್ನು ಮುಟ್ಟಿತು, ಲ್ಯಾವೆಂಡರಾಗಿ ತಿರುಗಿ ಬಂತು. ಕೆಳಗಡೆ ಜರಿ ಅಂಚು ಬೇರೆ. ಸೆಕೆಗೆ ಫ್ಯಾನ್ ಹಾಕಿದರೆ ಇಡೀ ಕಸ್ತೂರಿ ನಿವಾಸವೇ ತೂಗಾಡಿತು.

ಹಾಗಾಗಿ ಬಿಳಿ ಹುಡುಕಿಕೊಂಡು ಅಂಗಡಿಗೆ ಹೊರಟಿದ್ದು. ಆದರೆ ಅಷ್ಟರಲ್ಲಿ ಓದಿಕೊಂಡ ಒಂದು ಸಂಗತಿ ತಲೆಯಲ್ಲಿ ಕೊರೆಯುತ್ತಿತ್ತು. ಪ್ರೊಜೆಕ್ಟರಿಗೆ ಕಪ್ಪು ಬಿಡಿಸಲು ಬರುವುದಿಲ್ಲ. ಕಪ್ಪು ಬೆಳಕು ಎಂಬುದೇ ಲೋಕದಲ್ಲಿಲ್ಲವಲ್ಲ! ಯಂತ್ರ ಗೋಡೆಗೆ ಬೆಳಕನ್ನು ಸೇರಿಸಬಲ್ಲದು, ಅಲ್ಲಿರುವುದನ್ನು ಅಳಿಸಲಾರದು. ಪರದೆಯ ಮೇಲೆ ನಾವು ರಾತ್ರಿ ಎಂದು ನಂಬುವುದು, ಲೆನ್ಸಿನಿಂದ ಸೋರಿ ಬರುವ ಅಷ್ಟಿಷ್ಟನ್ನು ಬಿಟ್ಟರೆ, ಏನೂ ಬೀಳದ ನಮ್ಮದೇ ಗೋಡೆಯನ್ನು. ಖಳನಾಯಕನ ಮೀಸೆ ಗೋಡೆ, ನಾಯಕಿಯ ಜಡೆ ಗೋಡೆ, ಕಾಡಿನ ನೆರಳೂ ಗೋಡೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹಾಕಿ ನೋಡಿದೆ. ಎಸ್. ರಾಮಚಂದ್ರ ಕ್ಯಾಮೆರಾ ಹಿಡಿದ 1977ರ ಚಿತ್ರ. ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿತ್ತು. ಅಲ್ಲಿ ಅದರ ರಾತ್ರಿಗಳು ಗಾಢವಾಗೇ ಇದ್ದಿರಬೇಕು. ನಮ್ಮ ರೂಮಿನಲ್ಲಿ ಮಾತ್ರ ಆ ಅಗ್ರಹಾರಕ್ಕೆ ಸೂರ್ಯ ಮುಳುಗಲೇ ಇಲ್ಲ. ಅಂಗಡಿಯಲ್ಲಿ ನಾನು ಕೇಳಬೇಕಾದದ್ದು ಬಿಳಿಯನ್ನಲ್ಲ, ಒಳ್ಳೆಯ ಕತ್ತಲನ್ನು. ಮಾಲೀಕರಿಗೆ ಅದನ್ನು ವಿವರಿಸಲು ಹೋದೆ. ಅವರು ಕಾಫಿ ತರಿಸಿದರು.

ತಿ. ನರಸೀಪುರದ ಕಡೆಯ ನಮ್ಮೂರಿಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನವರಿಗೆ ಈ ಭೌತಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಟೆಂಟಿನ ಸುತ್ತುಗೋಡೆ ಬಟ್ಟೆಯದು, ಆದ್ದರಿಂದ ಸೂರ್ಯನ ಒಪ್ಪಿಗೆಯಿಲ್ಲದೆ ಆಟ ಶುರುವಾಗುವಂತಿರಲಿಲ್ಲ. ಘಂಟಸಾಲರ ‘ನಮೋ ವೆಂಕಟೇಶ’ ರೆಕಾರ್ಡು ಮೈಕಿನಲ್ಲಿ ಕೇಳಿಸಿತೆಂದರೆ ಕತ್ತಲಾಯಿತು, ಓಡಿ ಎಂದರ್ಥ. ಸಂಜೆಬೆಳಕು ಇನ್ನೂ ಆರದಿದ್ದರೆ ಮೊದಲ ರೀಲಿನಲ್ಲಿ ಯಾರು ಯಾರೆಂದು ದನಿಯಿಂದಲೇ ತಿಳಿಯಬೇಕಿತ್ತು. ಪರದೆಯ ನಡುವೆ ಒಂದು ಹೊಲಿಗೆ; ಎಷ್ಟು ದೊಡ್ಡ ನಟರಾದರೂ ಅವರ ಹಣೆಯ ಮೇಲೆ ಅದು ಹಾದುಹೋಗಲೇಬೇಕು. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತ ನಾವು ಆ ಬಟ್ಟೆಯ ಮೇಲಿನ ಬೂದಿಬಣ್ಣದ ರಾತ್ರಿಯನ್ನು ಅಪ್ಪಟ ಅಮಾವಾಸ್ಯೆಯೆಂದೇ ತಿಳಿದು ಹೆದರಿದೆವು. ಪೇಟೆಯ ಥಿಯೇಟರುಗಳೂ ಬೆಳಕಿನಲ್ಲಿ ಅಂಥ ಸಿರಿವಂತರಲ್ಲ. ಡಿಜಿಟಲ್ ಸಿನಿಮಾದ ಪರದೆಗೆ ಗೊತ್ತುಮಾಡಿರುವ ಬೆಳಕು ಚದರ ಮೀಟರಿಗೆ ಬರೀ 48 ಕ್ಯಾಂಡೆಲಾ. ನನ್ನ ಸಾಧಾರಣ ಮೊಬೈಲ್ ಫೋನು ಅದರ ಹತ್ತುಪಟ್ಟು ಉರಿಯುತ್ತದೆ. ಇಷ್ಟು ಮಂದ ಬೆಳಕಿನಲ್ಲಿ ಮೈಸೂರಿನ ಶಾಂತಲಾ ನಮಗೆ ಎಂಥೆಂಥ ಲೋಕ ತೋರಿಸಿತ್ತು! ಅದೂ 2020ರಲ್ಲಿ ಬಾಗಿಲು ಹಾಕಿಕೊಂಡಿತು. ಎದ್ದು ಹೋಗಲು ಥಿಯೇಟರುಗಳೇ ಕಡಿಮೆಯಾದ ಮೇಲೆ ಮಗಳ ರೂಮಿನ ಗೋಡೆಗೆ ಈ ಭಾರ ಬಿದ್ದಿದೆ.

ಪರದೆಯ ಹೊಳಪನ್ನು ಅಳೆಯುವ ಲೆಕ್ಕಕ್ಕೆ ‘ಗೇನ್’ ಎನ್ನುತ್ತಾರೆ. ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿ ಗಟ್ಟಿ ಎಷ್ಟು ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಿಂದಿರುಗಿಸುತ್ತದೋ ಅದನ್ನು 1 ಎಂದು ಹಿಡಿದರು. ಬೇರಿಯಂ ಸಲ್ಫೇಟನ್ನೂ ಅದೇ ಕೆಲಸಕ್ಕೆ ಬಳಸುತ್ತಾರೆ. ಎರಡನೆಯದು ಹೊಟ್ಟೆಯ ಎಕ್ಸ್‌ರೇಗೆ ಮೊದಲು ಕುಡಿಸುವ ಆ ಬಿಳಿ ಗಂಜಿಯೇ. ಮೊದಲನೆಯದರ ಹತ್ತಿರದ ನೆಂಟ ನಮ್ಮ ಸುಣ್ಣ. ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ, ಒಣಗಿದಂತೆ ಬೆಳ್ಳಗಾಗುತ್ತದೆ, ಮಿರುಗು ಎಂಬುದು ಹತ್ತಿರವೂ ಸುಳಿಯುವುದಿಲ್ಲ. ಗೌರಿಹಬ್ಬಕ್ಕೆ ಮುಂಚೆ ನಾರಿನ ಕುಂಚದಲ್ಲಿ ನಮ್ಮಜ್ಜಿ ಬಳಿಸುತ್ತಿದ್ದ ನಡುಮನೆಯ ಗೋಡೆ ಎಂಥ ಪರದೆಯಾಗುತ್ತಿತ್ತು! ಒರಗಿದವರ ಬೆನ್ನೆಲ್ಲ ಬಿಳಿಯಾಗುವುದೊಂದೇ ತೊಡಕು. ಅಜ್ಜಿ ಸುಣ್ಣದ ಬಾನಿಗೆ ಒಂದಿಷ್ಟು ನೀಲಿಯನ್ನೂ ಕದಡಿಸುತ್ತಿದ್ದರು. ಈಗಿನ ಬಣ್ಣಗಳ ಬಿಳುಪಿಗೆ ಮೂಲವಾದ ಟೈಟೇನಿಯಂ ಡೈಆಕ್ಸೈಡ್ ಕೂಡ ಒಂದು ಎಳೆ ಹಳದಿಗೆ ವಾಲುತ್ತದೆ. ಅದನ್ನು ಮರೆಸಲು ಕಾರ್ಖಾನೆಯವರು ಹಾಕುವುದೂ ನೀಲಿಯನ್ನೇ, ನೇರಳೆಯನ್ನೇ. ಅಜ್ಜಿಯ ಕೈಯಲ್ಲಿ ಕೆಮಿಸ್ಟ್ರಿ ಡಿಗ್ರಿ ಇರಲಿಲ್ಲ ಅಷ್ಟೇ.

ಇನ್ನು ಬಿಳಿಯನ್ನು ಒಪ್ಪಬೇಕಾದ ಕಣ್ಣಿನ ವಿಚಾರ. ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದಾಗಿದೆ. ಎಡಗಣ್ಣಿನದು ಇನ್ನೂ ಸ್ವಲ್ಪ ಕಾಯಲಿ ಎಂದಿದ್ದಾರೆ ಡಾಕ್ಟರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದಂತೆ. ಹೊಸ ಮಸೂರದ ಕಣ್ಣು ಮುಚ್ಚಿದರೆ ಶೇಡ್ ಕಾರ್ಡಿನ ಬಿಳಿಗಳೆಲ್ಲ ಬೆಣ್ಣೆ; ಹಳೆಯದನ್ನು ಮುಚ್ಚಿದರೆ ಅವೇ ಬಿಳಿಗಳಿಗೆ ನೀಲಿಯ ಛಾಯೆ. ಹಾಗಾದರೆ ಯೌವನದಲ್ಲಿ ನೋಡಿದ ‘ಬೆಳ್ಳಿಮೋಡ’ದ ಮಂಜು ಈ ಎರಡರಲ್ಲಿ ಯಾವುದು? ಅಂಗಡಿಯಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು ಹೀಗೆ ಪರೀಕ್ಷೆ ಮಾಡುತ್ತಿದ್ದಾಗ ಎದುರಿಗೆ ಬಂದ ಹೆಂಗಸೊಬ್ಬರು ನನ್ನನ್ನು ದುರುಗುಟ್ಟಿ ನೋಡಿ ಡಿಸ್ಟೆಂಪರ್ ಕಡೆಗೆ ಸರಿದರು.

ಕೊನೆಗೆ ಬಣ್ಣವನ್ನು ತೀರ್ಮಾನಿಸಿದ್ದು ನನ್ನ ಕಣ್ಣೂ ಅಲ್ಲ, ಓದಿಕೊಂಡ ವಿದ್ಯೆಯೂ ಅಲ್ಲ, ಅವರೆಕಾಯಿ. ಸಿನಿಮಾ ನೋಡುತ್ತಾ ಸುಮ್ಮನೆ ಕೂರುವುದು ನನ್ನಾಕೆಗಾಗದು. ಮಾಗಿಯಲ್ಲಿ ಅವರೆಕಾಯಿ ಸುಲಿಯಬೇಕು, ನೆನೆಸಿಟ್ಟ ಕಾಳು ಹಿತುಕಬೇಕು. ಅದಕ್ಕೊಂದು ದೀಪ ಬೇಕು. ‘ಹುಳ ಕಾಣಿಸಬೇಡವೇನ್ರೀ?’ ಎಂಬ ಪ್ರಶ್ನೆಗೆ ಪ್ರೊಜೆಕ್ಟರ್ ಶಾಸ್ತ್ರದಲ್ಲಿ ಉತ್ತರವಿಲ್ಲ. ದೀಪ ಉರಿಯುವ ಕೋಣೆಯಲ್ಲಿ ಬಿಳಿ ಗೋಡೆ ಸೋಲುತ್ತದೆ, ಬೂದು ಗೋಡೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಅವರೆಕಾಯಿ ದೀಪದ ಬೆಳಕನ್ನು ಬೂದು ಗೋಡೆ ಒಂದು ಪಾಲು ನುಂಗಿಕೊಳ್ಳುತ್ತದೆ, ಕಪ್ಪು ಕಪ್ಪಿನ ಸಮೀಪಕ್ಕೆ ಬರುತ್ತದೆ. ಚಿತ್ರದ ಬೆಳಕೇ ಬಿಳಿ ಸೂರಿಗೆ ಹಾರಿ, ಅಲ್ಲಿಂದ ಮತ್ತೆ ಪರದೆಗೆ ಬಂದು ಬೀಳುವ ಉಪದ್ರವವೂ ತಗ್ಗುತ್ತದೆ. ನುಂಗುವಾಗ ಪ್ರೊಜೆಕ್ಟರಿನ ಬೆಳಕಿನ ಪಾಲೂ ಹೋಗುತ್ತದೆನ್ನಿ, ಆದರೆ ಯಂತ್ರಕ್ಕೆ ಶಕ್ತಿಯಿದ್ದರೆ ಆ ನಷ್ಟ ಭರಿಸಬಹುದು. ಬೂದುಗಳಲ್ಲಿ ಹೆಸರಾಂತದ್ದು ಮನ್ಸೆಲ್ ಅಳತೆಯ ಎನ್ 8. ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಶೇ. 60ರಷ್ಟನ್ನು ಹಿಂದಕ್ಕೆ ಕೊಡುವ, ಯಾವ ಬಣ್ಣದ ಕಡೆಗೂ ವಾಲದ ಬೂದು.

ವಾಲದಿರುವುದು ಎಷ್ಟು ಕಷ್ಟ ಎಂದು ತೋರಿಸಿಕೊಟ್ಟವರು ಪೇಂಟಿಂಗ್ ಮೇಸ್ತ್ರಿ. ಬಿಳಿಗೆ ಬರೀ ಕಪ್ಪು ಬೆರೆಸಿದರೆ ಬೂದು ಬರುತ್ತದೆ ಎಂದು ನಾನೂ ನಂಬಿದ್ದೆ. ಬರುವುದು ನೀಲಿ ಬೆರೆತ ಬೂದು, ಮಳೆಗಾಲದ ಆಕಾಶ. ‘ಇದು ತಣ್ಣಗಾಯ್ತು ಸಾರ್’ ಎಂದ ಮೇಸ್ತ್ರಿ ಕಡ್ಡಿಯ ತುದಿಯಲ್ಲಿ ಹಳದಿ ಮುಟ್ಟಿಸಿದರು, ಕೆಂಪನ್ನು ತೋರಿಸಿದಂತೆ ಮಾಡಿದರು, ಹಲಗೆಯ ಮೇಲೆ ಬಳಿದು ಬೀಡಿ ಹಚ್ಚಿದರು. ಸುಣ್ಣಕ್ಕೆ ತದ್ವಿರುದ್ಧವಾಗಿ ಎಮಲ್ಷನ್ ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗುತ್ತದೆ. ಬೀಡಿ ಮುಗಿಯುವ ತನಕ ತೀರ್ಪು ಹೇಳುವಂತಿಲ್ಲ. ಅಂಗಡಿಯ ಕಂಪ್ಯೂಟರ್ ಯಂತ್ರ ಹನಿ ಎಣಿಸಿ ಬೆರೆಸಿಕೊಟ್ಟಿದ್ದನ್ನು ಅವರು ಕಣ್ಣಳತೆಯಲ್ಲಿ ತಿದ್ದಿದರು. ಅದರ ಪಕ್ಕ ಕಪ್ಪುಬಿಳುಪಿನ ಪ್ರಿಂಟ್‌ಔಟ್ ಹಿಡಿದು ಪ್ರೊಜೆಕ್ಟರಿನ ಬೆಳಕು ಬಿಟ್ಟು ನೋಡಿದೆ. ನನ್ನ ಎರಡು ಕಣ್ಣುಗಳೂ ಅಪರೂಪಕ್ಕೆ ಒಂದೇ ಮಾತು ಹೇಳಿದವು.

ಮೇಸ್ತ್ರಿಗೂ ನನಗೂ ಜಟಾಪಟಿ ನಡೆದದ್ದು ಮಿರುಗಿನ ವಿಷಯದಲ್ಲಿ. ಮ್ಯಾಟ್ ಬಣ್ಣ ಎಂದರೆ ಅವರ ಪ್ರಕಾರ ಗ್ರಾಹಕನ ಬಡತನ. ‘ಶೀನ್ ಹಾಕ್ಸಿ ಸಾರ್, ಮಕ್ಳು ಗೀಚಿದ್ರೂ ಒರೆಸ್ಬೋದು.’ ಗೀಚುವ ಮಕ್ಕಳು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾರೆ, ಅಂದೆ. ಮಿರುಗುವ ಗೋಡೆಯಲ್ಲಿ ಪ್ರೊಜೆಕ್ಟರಿನ ದೀಪವೇ ಪ್ರತಿಬಿಂಬವಾಗಿ ಕಾಣುತ್ತದೆ. ನಾಯಕ ಎಲ್ಲಿ ನಿಂತರೂ ಚಿತ್ರದ ನಡುವೆ ಒಂದು ಬೆಳಕಿನ ಮಚ್ಚೆ. ಅವರಿಗೆ ಇದು ರುಚಿಸಲಿಲ್ಲ, ಆದರೆ ಪುಟ್ಟಿ ಹಾಕುವಾಗ ಪಟ್ಟ ಶ್ರಮದಲ್ಲಿ ಕೊರತೆ ಮಾಡಲಿಲ್ಲ. ರಾತ್ರಿ ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಡ್ಡ ಬೆಳಕು ಬಿಟ್ಟರೆ ಹಗಲಲ್ಲಿ ಕಾಣದ ಉಬ್ಬುತಗ್ಗುಗಳೆಲ್ಲ ನೆರಳಾಗಿ ಮೇಲೇಳುತ್ತವೆ. ಅಲ್ಲಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಬೆಳಿಗ್ಗೆ ಎಮರಿ ಪೇಪರಿನಿಂದ ಉಜ್ಜುವುದು. ಡಬ್ಬಿ ತೆರೆದಾಗ ನನಗೆ ಗಟ್ಟು ನೆನಪಾದ. ನಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸಿಗೆ ಬರೆದುಕೊಟ್ಟ ತುಂಟ ಹುಡುಗ, ಕೈಯಲ್ಲಿ ಬಣ್ಣ ತೊಟ್ಟಿಕ್ಕುವ ಬ್ರಷ್ಷು. ಈಗಿನ ಡಬ್ಬಿಗಳ ಮೇಲೆ ಅವನಿಲ್ಲ. ಬೆಳೆದು ಅವನೂ ಹೈದರಾಬಾದಿಗೆ ಹೋಗಿರಬೇಕು.

ಪುಸ್ತಕದ ಪ್ರಕಾರ ಸೂರಿಗೂ ಅಕ್ಕಪಕ್ಕದ ಗೋಡೆಗಳಿಗೂ ಗಾಢ ಬಣ್ಣ ಬಳಿಯಬೇಕು. ಇವಳು ಅಡ್ಡ ನಿಂತಳು. ಹಬ್ಬಕ್ಕೆ ಮಗಳು ಬಂದರೆ ಮಲಗುವುದು ಈ ಕಪ್ಪು ಗುಹೆಯಲ್ಲೇ? ಫೋನಿನಲ್ಲಿ ಮಗಳು, ‘ಅಯ್ಯೋ, ಹೊಡೆಸಿಬಿಡಮ್ಮ, ಆ ಕಲರ್ ಈಗ ನಂಗೇ ಹಿಡಿಸಲ್ಲ’ ಅಂದಳು. ಇವಳು ಫೋನಿಟ್ಟು, ‘ಅವಳು ಹಾಗೇ ಅಂತಾಳೆ’ ಅಂದಳು. ವಾದ ಅಲ್ಲಿಗೆ ಮುಗಿಯಿತು. ಆದ್ದರಿಂದ 87 ಇಂಚು ಅಗಲ, 49 ಇಂಚು ಎತ್ತರದ ಆಯತವಷ್ಟೇ ಬೂದಾಯಿತು. ಅಂಚಿಗೆ ಕಪ್ಪು ವೆಲ್ವೆಟ್ ಪಟ್ಟಿ, ಸುತ್ತ ಮೊದಲಿನ ಲ್ಯಾವೆಂಡರ್. ಸೂರಿನಲ್ಲಿ ಅವಳು ಅಂಟಿಸಿದ್ದ, ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ನಕ್ಷತ್ರಗಳೂ ಅಲ್ಲೇ ಇವೆ. ಸಿನಿಮಾದ ಬೆಳಕನ್ನು ಮೂರು ಗಂಟೆ ಕುಡಿದು ಚಿತ್ರ ಮುಗಿದ ಮೇಲೆ ಅವು ಹಸಿರಾಗಿ ಮಿನುಗುತ್ತವೆ. ಬಲ್ಲವರು ನೋಡಿದರೆ ನನ್ನ ಮೇಲೆ ಕೇಸು ಹಾಕಿಯಾರು. ಆದರೆ ಘಟಶ್ರಾದ್ಧದಲ್ಲಿ ಈಗ ಸೂರ್ಯ ಮುಳುಗುತ್ತಾನೆ, ಜಯಂತಿಯವರ ಹಲ್ಲಿಗೆ ಸ್ವಂತ ಬಣ್ಣ ಬಂದಿದೆ, ಅವರೆಕಾಯಿಯ ಹುಳವೂ ಕಾಣುತ್ತದೆ.

ಬಳಿದ ಜಾಗ ಸುಮಾರು 30 ಚದರಡಿ. ಎರಡು ಕೋಟಿನ ಮೇಲೂ ಲೀಟರ್ ಡಬ್ಬಿಯಲ್ಲಿ ಬಹುಪಾಲು ಹಾಗೇ ಉಳಿಯಿತು. ಬೆರೆಸಿದ ಬಣ್ಣ ಅಂಗಡಿಯವರು ವಾಪಸ್ ತೆಗೆದುಕೊಳ್ಳರು. ದುಡ್ಡು ಕೊಟ್ಟ ಪದಾರ್ಥವನ್ನು ಎಸೆಯಲು ಇವಳು ಬಿಡಳು. ಹೊರಗಡೆಗೆ ಈ ಬಣ್ಣ ತಾಳುವುದಿಲ್ಲ ಎಂದು ಮೇಸ್ತ್ರಿ ತಲೆಯಾಡಿಸುತ್ತಿದ್ದರೂ ಕೇಳದೆ ಗೇಟಿನ ಪಕ್ಕದ ನೀರಿನ ಮೀಟರಿನ ಗೂಡು, ಸಂಪಿನ ಕಟ್ಟೆ, ಹಿತ್ತಲ ಮೆಟ್ಟಿಲು ಎಲ್ಲಕ್ಕೂ ಬಳಿಸಿದಳು. ಪ್ರಪಂಚದಲ್ಲಿ ಮನ್ಸೆಲ್ ಎನ್ 8 ಸಂಪು ಇರುವುದು ನಮ್ಮ ಮನೆಯಲ್ಲೊಂದೇ ಇರಬಹುದು. ಮೊನ್ನೆ ಮೀಟರ್ ಓದಲು ಬಂದ ಹುಡುಗ ಗೂಡನ್ನು ಬೆರಳಿನಿಂದ ತಟ್ಟಿ, ‘ಸಿಮೆಂಟು ಹಂಗೇ ಬಿಟ್ಬಿಟ್ಟಿದ್ದೀರಲ್ಲ ಸಾರ್, ಒಂದು ಕೋಟ್ ಬಣ್ಣ ಹೊಡೆಸ್ಬಾರ್ದಾ?’ ಅಂದ.